ವಾರಕ್ಕೊಂದು ಬಕೆಟ್

"ಇದಕ್ಕೆ ದಿನಕ್ಕೆ ಎಷ್ಟು ನೀರು ಹಾಕ್ತೀಯ?" ಎಂದು ಬಾಯ್ಲರು ರಿಪೇರಿಯ ಆರ್ಮಾಂಡ್ ಕೇಳಿದ. ನೆಲಮಾಳಿಗೆಯ ಸಿಮೆಂಟಿನ ಮೇಲೆ ಒಂದು ಮೊಣಕಾಲೂರಿ, ಬಾಯ್ಲರಿನ ಬೆಂಕಿಗೂಡಿನೊಳಕ್ಕೆ ಟಾರ್ಚು ಬಿಟ್ಟು ನೋಡುತ್ತಿದ್ದ.

"ಕಮ್ಮಿಯಾದಷ್ಟು," ಎಂದಳು ಸೆಸೀಲ್.

"ಎಷ್ಟು ಕಮ್ಮಿಯಾಗತ್ತೆ?"

"ಗೊತ್ತಿಲ್ಲ. ಗಾಜಿನ ಕೊಳವೇಲಿ ಗೆರೆ ಇದೆಯಲ್ಲ, ಅಲ್ಲೀವರೆಗೂ ತುಂಬ್ತೀನಿ."

ಆರ್ಮಾಂಡ್ ಸೋರಿಕೆ ಪತ್ತೆಗೆಂದೇ ಆ ಗೆರೆಗಿಂತ ಒಂದು ಮೊಳ ಮೇಲಕ್ಕೆ ನೀರು ತುಂಬಿಸಿ ಕಾಯುತ್ತಿದ್ದ. ಬೆಳಿಗ್ಗೆ ಬೀದಿಯ ತಿರುವಿನಲ್ಲೇ ಅವನಿಗೆ ಈ ಮನೆಯ ಚಿಮಣಿ ಕಂಡಿತ್ತು. ಅದರಿಂದ ಬಿಳೀ ಹಬೆ ದಟ್ಟವಾಗಿ ಏಳುತ್ತಿತ್ತು. ಹೊಗೆ ಬರಬೇಕಾದಲ್ಲಿ ಹಬೆ ಬಂದರೆ ಒಳಗೆ ಎಲ್ಲೋ ತೂತು ಬಿದ್ದಿದೆಯೆಂದೇ ಲೆಕ್ಕ. ಈಗ ಕಿವಿಗೊಟ್ಟು ಕೂತಿದ್ದಂತೆ ಗೂಡಿನೊಳಗೆ ಮೊದಲ ಹನಿ ಬಿತ್ತು. ಆಮೇಲೆ ಎರಡನೆಯದು. ಆಮೇಲೆ ಎಣಿಸುವ ಅಗತ್ಯವಿರಲಿಲ್ಲ.

ವೂನ್‌ಸಾಕೆಟ್ ಊರಿನ ಆ ಬೀದಿಯ ಮನೆಗಳೆಲ್ಲ ಹಬೆಯಲ್ಲೇ ಚಳಿಗಾಲ ಕಳೆಯುತ್ತವೆ. ಕೆಳಗೆ ನೀರು ಕುದಿಯುತ್ತದೆ, ಹಬೆ ಕೊಳವೆ ಹತ್ತಿ ಕೋಣೆಕೋಣೆಯ ಕಬ್ಬಿಣದ ರೇಡಿಯೇಟರಿಗೆ ಹೋಗುತ್ತದೆ, ಅಲ್ಲಿ ತಣಿದು ನೀರಾಗಿ ಮತ್ತೆ ಬಾಯ್ಲರಿಗೇ ಇಳಿಯುತ್ತದೆ. ಮನೆ ನೆಟ್ಟಗಿದ್ದರೆ ಅದೇ ನೀರು ವರ್ಷಗಟ್ಟಲೆ ಹತ್ತಿ ಇಳಿಯುತ್ತಿರುತ್ತದೆ. ಈ ಬಾಯ್ಲರನ್ನು ಹನ್ನೊಂದು ವರ್ಷದ ಹಿಂದೆ ಆರ್ಮಾಂಡನೇ ಆರಿಸಿ ತಂದು ಕೂರಿಸಿದ್ದ. ಇನ್ನೂ ಇಪ್ಪತ್ತು ವರ್ಷ ಬಾಳಬೇಕಿತ್ತು.

ಸೆಸೀಲ್ ಕೋಟಿನ ತೋಳಿನೊಳಗೆ ಕೈ ತೂರಿಸಿಕೊಂಡು ನಿಂತಿದ್ದಳು. ಅವಳಿಗೆ ಐವತ್ತನಾಲ್ಕು. ಶಾಲೆಯ ಅಡುಗೆಮನೆಯಲ್ಲಿ ಕೆಲಸ. ಗಂಡ ಲೂಸಿಯನ್ ನವೆಂಬರಿನಲ್ಲಿ ತೀರಿಕೊಂಡಿದ್ದ, ಈಗ ಜನವರಿ. ಮಣ್ಣು ಮಾಡುವಾಗಲೂ ಅವಳು ಅಳಲಿಲ್ಲ. ಗಟ್ಟಿ ಹೆಂಗಸು ಎಂದು ಚರ್ಚಿನವರು ಹೊಗಳಿದರು. ಗಟ್ಟಿತನವೂ ಇಲ್ಲ, ಗಿಟ್ಟಿತನವೂ ಇಲ್ಲ. ಹಲ್ಲು ಕೀಳುವ ಮುಂಚೆ ಸೂಜಿ ಚುಚ್ಚಿಸಿಕೊಂಡ ದವಡೆ ಹೇಗಿರುತ್ತದೋ ಹಾಗಿದ್ದಳು. ಊಟದ ರುಚಿ ತಿಳಿಯುತ್ತಿರಲಿಲ್ಲ. ಯಾರಾದರೂ ಮಾತಾಡಿಸಿದರೆ ಮಾತು ಮುಗಿದ ಮೇಲೆ ಕೇಳಿಸುತ್ತಿತ್ತು. ಬೆಳಿಗ್ಗೆ ಎದ್ದು ನೆಲಮಾಳಿಗೆಗೆ ಇಳಿಯುವುದೊಂದನ್ನು ಮಾತ್ರ ಅವಳು ಯಾರೂ ಹೇಳದೆ ಮಾಡುತ್ತಿದ್ದಳು.

ಆರ್ಮಾಂಡ್ ಎದ್ದು ಟಾರ್ಚು ಎತ್ತಿದಾಗ ಬೆಳಕು ಗೋಡೆಯ ಮೇಲಿನ ಒಂದು ರಟ್ಟಿನ ಮೇಲೆ ಬಿತ್ತು. ಬಾಯ್ಲರಿನ ಪಕ್ಕದಲ್ಲಿ ಒಂದು ಪುಟ್ಟ ಪೆಟ್ಟಿಗೆ ಇರುತ್ತದೆ. ನೀರು ಬತ್ತಿದರೆ ತಾನೇ ಬೆಂಕಿ ಆರಿಸುವಂಥದ್ದು. ಅದರಲ್ಲಿ ಕೆಸರು ಕಟ್ಟಬಾರದೆಂದು ವಾರಕ್ಕೊಮ್ಮೆ ನಲ್ಲಿ ತಿರುಗಿಸಿ ಒಂದು ಬಕೆಟ್ ನೀರು ತೆಗೆದು, ತೆಗೆದಷ್ಟು ಹೊಸದಾಗಿ ತುಂಬಬೇಕು. ಲೂಸಿಯನ್ ಪ್ರತಿ ಶನಿವಾರ ತೆಗೆದು ರಟ್ಟಿನ ಮೇಲೆ ಪೆನ್ಸಿಲಿನಲ್ಲಿ ಒಂದು ಗೆರೆ ಎಳೆಯುತ್ತಿದ್ದ. ತಿಂಗಳಿಗೆ ನಾಲ್ಕು, ಕೆಲವು ತಿಂಗಳು ಐದು. ನವೆಂಬರ್ ಎರಡನೇ ವಾರದಿಂದ ಪೆನ್ಸಿಲು ಹೋಗಿ ನೀಲಿ ಶಾಯಿ ಬಂದಿತ್ತು. ಆ ಗೆರೆಗಳು ದಿನಕ್ಕೆರಡರಂತೆ ಒಂದಕ್ಕೊಂದು ಒತ್ತಿಕೊಂಡು ರಟ್ಟು ತುಂಬಿ, ಪಕ್ಕದಲ್ಲಿ ಅಂಟಿಸಿದ ಕ್ಯಾಲೆಂಡರಿನ ಹಾಳೆಗೂ ಹರಿದಿದ್ದವು.

ಆರ್ಮಾಂಡ್ ಅದನ್ನು ಒಂದು ಸಲ ಓದಿದ. ಟಾರ್ಚು ಆರಿಸಿದ.

ಅಷ್ಟರಲ್ಲಿ ಮೆಟ್ಟಿಲ ಮೇಲೆ ಯೊಲಾಂಡಳ ಚಪ್ಪಲಿ ಸದ್ದಾಯಿತು. ಲೂಸಿಯನ್ನನ ಅಕ್ಕ, ಮೇಲಿನ ಅಂತಸ್ತಿನಲ್ಲಿ ಅವಳ ವಾಸ. ಆರ್ಮಾಂಡನ ಜೊತೆ ಒಂದೇ ಬೆಂಚಿನಲ್ಲಿ ಕೂತು ಓದಿದವಳು, ಆ ಸಲಿಗೆಯನ್ನು ಅರವತ್ತು ವರ್ಷದಿಂದ ಕಾಪಾಡಿಕೊಂಡು ಬಂದಿದ್ದಾಳೆ.

"ಏನಯ್ಯಾ, ಬದುಕತ್ತೋ ಸಾಯತ್ತೋ? ಮೇಲೆ ನನ್ನ ಹಲ್ಲಿನ ಸೆಟ್ಟು ಲೋಟದಲ್ಲೇ ಹೆಪ್ಪುಗಟ್ಟಿದೆ."

"ಒಳ್ಳೇದೇ ಆಯ್ತು. ಸ್ವಲ್ಪ ಹೊತ್ತು ಊರು ನೆಮ್ಮದಿಯಾಗಿರತ್ತೆ."

"ಹಲ್ಲಿಲ್ಲದೇನೂ ಬೈಯಬಲ್ಲೆ ನಾನು. ಹೇಳು."

"ಸತ್ತಿದೆ. ಹೊಸದೇ ಹಾಕಬೇಕು."

"ಹನ್ನೊಂದೇ ವರ್ಷಕ್ಕಾ! ನಮ್ಮಪ್ಪ ಹಾಕಿಸಿದ್ದು ನಲವತ್ತು ವರ್ಷ ಉರೀತಲ್ಲೋ." ಯೊಲಾಂಡ್ ತಮ್ಮನ ಹೆಂಡತಿಯ ಕಡೆ ತಿರುಗಿದಳು. "ನೀನೇನಾದ್ರೂ ತಿರುಗಿಸಬಾರದ್ದನ್ನ ತಿರುಗಿಸಿದೆಯಾ, ಸೆಸೀಲ್?"

ಸೆಸೀಲ್ ಬಾಯಿ ತೆರೆದಳು. ಅವಳಿಗಿಂತ ಮೊದಲು ಆರ್ಮಾಂಡ್ ಮಾತಾಡಿದ.

"ಅವಳೇನೂ ಮಾಡಿಲ್ಲ. ಎರಕದಲ್ಲೇ ದೋಷ ಇತ್ತು. ಆರಿಸಿ ತಂದೋನು ನಾನು, ತಪ್ಪು ನಂದು."

"ನಿಂದಾ?"

"ನಂದೇ."

"ನನ್ನ ತಮ್ಮ ನಿನ್ನನ್ನ ಕಣ್ಣು ಮುಚ್ಚಿ ನಂಬಿದ್ದ, ತಿಳ್ಕೋ," ಎಂದಳು ಯೊಲಾಂಡ್. ನಲವತ್ತು ವರ್ಷದ ಕಸುಬಿನಲ್ಲಿ ಇಂಥ ಮಾತು ಕೇಳಿರದ ಮನುಷ್ಯ ತಲೆ ತಗ್ಗಿಸಿ ಕೇಳಿಸಿಕೊಂಡ. ಸುಳ್ಳು ಹೇಳಿ ರೂಢಿಯಿಲ್ಲದ್ದರಿಂದ ಅವನ ಕಿವಿ ಕೆಂಪಾಗಿತ್ತು. ಅದು ನಾಚಿಕೆಯ ಕೆಂಪೆಂದು ಯೊಲಾಂಡ್ ತಿಳಿದು, ಇನ್ನಷ್ಟು ಬೈದಳು.

ಆ ಮಧ್ಯಾಹ್ನ ಅವನು ಎರಡೂ ಅಂತಸ್ತಿನ ರೇಡಿಯೇಟರುಗಳನ್ನು ಟೇಪು ಹಿಡಿದು ಅಳೆದ. ಹಳೇ ಬಾಯ್ಲರಿನ ಮೇಲೆ ಬರೆದಿರುವ ಅಳತೆ ನೋಡಿ ಅಂಥದ್ದೇ ಇನ್ನೊಂದನ್ನು ತರುವವರು ಬೇಕಾದಷ್ಟಿದ್ದರು. ಆರ್ಮಾಂಡನದು ಆ ಜಾತಿಯಲ್ಲ. ಹಬೆ ಉಣ್ಣುವುದು ರೇಡಿಯೇಟರು, ಅದರ ಹೊಟ್ಟೆ ನೋಡಿ ಬಾಯ್ಲರು ಆರಿಸಬೇಕು ಎನ್ನುವವನು.

"ಹೆಣ್ಣು ನೋಡೋಕೆ ಬಂದೋರ ಥರ ಅಳೀತಿದೀಯಲ್ಲ," ಎಂದಳು ಯೊಲಾಂಡ್. "ಯಾವ್ದೋ ಕಂಪನಿ ಹುಡುಗ ಬಂದಿದ್ದ. ಈ ಕಬ್ಬಿಣ ಎಲ್ಲ ಗುಜರಿಗೆ ಹಾಕಿ, ಬಿಸಿಗಾಳಿ ಊದೋ ಯಂತ್ರ ಹಾಕಿಸ್ಕೊಳಿ ಅಂದ."

"ಹಾಕಿಸ್ಕೋ. ಗೋಡೆ ಒಡೆದು ತಗಡಿನ ಕೊಳವೆ ತೂರಿಸ್ತಾರೆ, ಮೂಗು ಒಣಗಿಸ್ಕೊಂಡು ಕೂತಿರು."

"ಬೇಡ," ಎಂದಳು ಸೆಸೀಲ್. ಇಬ್ಬರೂ ತಿರುಗಿ ನೋಡಿದರು. "ಹಬೇದೇ ಇರ್ಲಿ. ಅದನ್ನ ನೋಡ್ಕೊಳ್ಳೋದು ನನಗೆ ಗೊತ್ತು."

ಆರ್ಮಾಂಡ್ ಟೇಪನ್ನು ಸುತ್ತಿ ಜೇಬಿಗೆ ಹಾಕಿಕೊಂಡ. ಅಂದಿನಿಂದ ಅವನಿಗೆ ನಿದ್ದೆ ಸರಿಯಾಗಿ ಬರಲಿಲ್ಲ.

ಸೋಮವಾರ ಹೊಸ ಬಾಯ್ಲರು ಬಂತು, ಮಂಗಳವಾರ ಮಧ್ಯಾಹ್ನದ ಹೊತ್ತಿಗೆ ಕೊಳವೆಗಳೆಲ್ಲ ಕೂಡಿದವು. ಯೊಲಾಂಡ್ ಮೇಲಿಂದ ಆರ್ಮಾಂಡನಿಗೆ ಹಂದಿಮಾಂಸ ತುಂಬಿ ಬೇಯಿಸಿದ ಪೈ ಕಳಿಸಿದ್ದಳು. ನಿನಗಲ್ಲ, ನಿನ್ನ ಹೊಟ್ಟೆಗೆ ಎಂಬ ಸಂದೇಶದೊಂದಿಗೆ. ಬೆಂಕಿ ಹೊತ್ತಿಕೊಂಡಿತು. ಸೆಸೀಲ್ ಮೆಟ್ಟಿಲ ಬಳಿ ನಿಂತು ಗಾಜಿನ ಕೊಳವೆಯಲ್ಲಿ ನೀರು ಅಲುಗುವುದನ್ನು ನೋಡುತ್ತಿದ್ದಳು. ಬಕೆಟನ್ನು ತೊಳೆದು ನಲ್ಲಿಯ ಕೆಳಗೆ ಆಗಲೇ ಇಟ್ಟಿದ್ದಳು.

ಆರ್ಮಾಂಡ್ ಆ ಬಕೆಟನ್ನು ನೋಡಿದ. ಸುಳ್ಳನ್ನು ಹಾಗೇ ಉಳಿಸಿಕೊಂಡರೆ ಈ ಬಾಯ್ಲರೂ ಸಾಯುತ್ತದೆ. ನಲ್ಲಿಯ ಹಿಡಿಯನ್ನೇ ಬಿಚ್ಚಿಕೊಂಡು ಹೋಗೋಣವೆಂದರೆ ಕೆಸರು ಕಟ್ಟಿ, ನೀರು ಬತ್ತಿದ ದಿನವೂ ಬೆಂಕಿ ಆರುವುದಿಲ್ಲ. ಹೇಳದೆ ಗತಿಯಿರಲಿಲ್ಲ.

"ಸೆಸೀಲ್, ಇದನ್ನ ಶನಿವಾರ ಮಾತ್ರ ತೆಗೀಬೇಕು."

"ದಿನಾ ತೆಗೆದ್ರೆ ಇನ್ನೂ ಚೊಕ್ಕಟ ಇರಲ್ವಾ?"

"ಇಲ್ಲ. ಹೊಸ ನೀರಲ್ಲಿ ಗಾಳಿ ಇರತ್ತೆ. ಅದು ಕಬ್ಬಿಣ ತಿನ್ನತ್ತೆ. ಚೆನ್ನಾಗಿ ಕುದಿಸಿದ್ರೆ ಗಾಳಿ ಹೊರಟು ಹೋಗತ್ತೆ, ಆಮೇಲೆ ಆ ನೀರು ಸಾಧು. ದಿನಾ ಹೊಸ ನೀರು ಹಾಕಿದ್ರೆ ದಿನಾ ತಿನ್ನತ್ತೆ."

ಅವಳು ಗೋಡೆಯ ಮೇಲಿನ ನೀಲಿ ಗೆರೆಗಳ ಕಡೆ ತಿರುಗಿದಳು.

"ಹಾಗಾದ್ರೆ ಎರಕದ ದೋಷ ಅಲ್ಲ."

"ಅಲ್ಲ."

"ನಾನೇ."

"ಮುಂಚೇನೇ ಒಂಚೂರು ಸವೆದಿರಬಹುದು," ಎಂದ ಆರ್ಮಾಂಡ್. ಆಮೇಲೆ ಅದನ್ನೂ ಬಿಟ್ಟ. "ಹೌದು, ಸೆಸೀಲ್."

"ಆಸ್ಪತ್ರೇಲಿ ಲೂಸಿಯನ್ ಅಂದಿದ್ದು ಅದೊಂದೇ ಮಾತು. ಬಕೆಟ್ ಮರೀಬೇಡ, ಕೆಸರು ಕಟ್ಟತ್ತೆ ಅಂತ. ಎಷ್ಟು ದಿನಕ್ಕೆ ಅಂತ ನಾನು ಕೇಳ್ಲಿಲ್ಲ. ಶನಿವಾರ ನಂಗೆ ಚರ್ಚಿನ ಅಡುಗೆ ಕೆಲಸ ಇರ್ತಿತ್ತು, ಅವನು ಯಾವಾಗ ಇಳೀತಾನೆ ಅಂತ ನೋಡಿದವಳೇ ಅಲ್ಲ. ಗೋಡೇಲಿ ಗೆರೆ ಇತ್ತು, ನಾನೂ ಗೆರೆ ಎಳೆದೆ. ನೀರು ಕಂದು ಬಂದಷ್ಟೂ ತೆಗೆದೆ. ತೆಗೆದಷ್ಟೂ ಕಂದೇ ಬಂತು."

ಈಗಲಾದರೂ ಅಳು ಬರಬಹುದೆಂದು ಅವಳು ಕಾದಳು. ಬರಲಿಲ್ಲ. ಆರ್ಮಾಂಡನಿಗೆ ಅವಳ ಮುಖ ನೋಡಲಾಗಲಿಲ್ಲ. ಪಾನಾಗಳನ್ನು ಒರೆಸಿ ತನ್ನ ಸಲಕರಣೆಯ ಪೆಟ್ಟಿಗೆಗೆ ಹಾಕತೊಡಗಿದ.

"ಹೋಗ್ಲಿ ಬಿಡು. ಯೊಲಾಂಡ್‌ಗೆ ಹೇಳೋದು ಬೇಡ. ಇನ್ಮೇಲೆ ಸುಲಭ. ಶನಿವಾರಕ್ಕೊಂದು ಬಕೆಟ್, ಅಷ್ಟೇ. ಉಳಿದ ದಿನ ಇದರ ಹತ್ತಿರಾನೂ ಬರಬೇಡ. ತನ್ನ ಪಾಡಿಗೆ ತಾನು ಉರೀತಿರತ್ತೆ."

"ಉಳಿದ ದಿನ," ಎಂದಳು ಸೆಸೀಲ್.

"ಹೂಂ."

"ಉಳಿದ ಆರು ದಿನ ನಾನೇನು ಮಾಡ್ಲಿ, ಆರ್ಮಾಂಡ್?"

ಕೇಳಿದ್ದು ತೀರಾ ಸಾಮಾನ್ಯ ದನಿಯಲ್ಲಿ. ಆರ್ಮಾಂಡ್ ಕೈಯಲ್ಲಿದ್ದ ಪಾನಾವನ್ನು ಇನ್ನೊಮ್ಮೆ ಒರೆಸಿದ, ಅದು ಚೊಕ್ಕಟವಾಗಿಯೇ ಇತ್ತು.

ಹಬೆ ಕೊಳವೆ ಹತ್ತಿತು. ಮೇಲೆ ರೇಡಿಯೇಟರುಗಳು ಒಂದೊಂದಾಗಿ ಬುಸುಗುಟ್ಟಿದವು. "ಬಂತು! ಬಿಸಿ ಬಂತು!" ಎಂದು ಯೊಲಾಂಡ್ ಕಾಲಿನಿಂದ ನೆಲ ಗುದ್ದಿದಳು. ಆರ್ಮಾಂಡ್ ಪೆಟ್ಟಿಗೆಯ ಮುಚ್ಚಳ ಹಾಕಿದ. ಟೊಪ್ಪಿ ತೆಗೆದು ಮೊಣಕಾಲಿನ ಮೇಲಿಟ್ಟುಕೊಂಡು, ಹೊರಡದೆ ಆ ಪೆಟ್ಟಿಗೆಯ ಮೇಲೆಯೇ ಕೂತ.