ಮನೋರಿಯಲ್ಲಿ ಗೋವಾ

ಬೊಂಬಾಯಿಯ ಮಾಟುಂಗಾದ ಆ ಬಿಲ್ಡಿಂಗಿನಲ್ಲಿ ಯಾರೇ ಊರಿಗೆ ಹೊರಡಲಿ, ಮೂರು ಮಹಡಿಯ ಜನವೂ ಕೆಳಗಿಳಿದು ಬಂದು ಕಳಿಸಿಕೊಡುವುದು ವಾಡಿಕೆ. ಅರಸೀಕೆರೆಗೆ ಹೋಗುವವರಿಗೇ ಅಷ್ಟು ಮರ್ಯಾದೆ ಸಿಗುವಾಗ, ಹಡಗಿನಲ್ಲಿ ಕೂತು ಗೋವಾಕ್ಕೆ ಹೊರಟವರನ್ನು ಸುಮ್ಮನೆ ಬಿಟ್ಟಾರೆಯೇ? ೧೯೭೨ರ ಸಂಕ್ರಾಂತಿ ಕಳೆದ ಮೊದಲ ಸೋಮವಾರ ಅದು. ಹಿಂದಿನ ತಿಂಗಳು ಯುದ್ಧ ಮುಗಿದಿದ್ದರೂ ಬ್ಲ್ಯಾಕೌಟಿಗೆಂದು ಕಿಟಕಿಗಳಿಗೆ ಅಂಟಿಸಿದ್ದ ಕಪ್ಪು ಕಾಗದವನ್ನು ಅರ್ಧ ಬಿಲ್ಡಿಂಗ್ ಇನ್ನೂ ಕಿತ್ತಿರಲಿಲ್ಲ. ಕಾಗದ ಕೀಳಲು ಪುರುಸೊತ್ತಿಲ್ಲದ ಅದೇ ಜನಕ್ಕೆ ನಾಣಿ ಮತ್ತು ಪಂಕಜಾರನ್ನು ಬೀಳ್ಕೊಡಲು ಮಾತ್ರ ಬೇಕಾದಷ್ಟು ಪುರುಸೊತ್ತಿತ್ತು.

ನಾಣಿ ಫೋರ್ಟಿನ ಬ್ಯಾಂಕೊಂದರಲ್ಲಿ ಗುಮಾಸ್ತ. ಮೈಸೂರಿನವನು, ಒಳ್ಳೆಯವನು, ಅಮ್ಮನ ಮಗ. ಪಂಕಜಾಳನ್ನು ಮದುವೆಯಾಗಿ ಮೂರು ವರ್ಷವಾಗಿತ್ತು. ಒಂದು ರೂಮು, ಒಂದು ಅಡುಗೆಮನೆಯ ಆ ಸಂಸಾರದಲ್ಲಿ ಅತ್ತೆ ರೂಮಿನಲ್ಲಿ ಮಲಗಿದರೆ ಗಂಡ ಹೆಂಡಿರು ಅಡುಗೆಮನೆಯಲ್ಲಿ. ನಡುವೆ ಇದ್ದದ್ದು ಹಳೆಯ ಸೀರೆಯ ಒಂದು ಪರದೆ. ಹೆಂಡತಿಯ ಮೇಲೆ ನಾಣಿಗೆ ಪ್ರೀತಿ ಇರಲಿಲ್ಲವೆಂದಲ್ಲ, ಹೊರಲಾರದಷ್ಟು ಇತ್ತು. ಆದರೆ ಅದನ್ನು ಯಾರಾದರೂ ನೋಡಿಬಿಟ್ಟರೆ ಎಂಬ ಭಯ ಪ್ರೀತಿಗಿಂತ ಒಂದು ಕೈ ಜಾಸ್ತಿಯೇ ಇತ್ತು. ಸಂಜೆ ದಾದರಿನಲ್ಲಿ ಮಲ್ಲಿಗೆ ಕೊಂಡು, ಟಿಫಿನ್ ಡಬ್ಬಿಯೊಳಗೆ ಬಚ್ಚಿಟ್ಟು ತಂದು, ಮಾತಿಲ್ಲದೆ ಅಡುಗೆಮನೆಯ ಗೂಡಿನಲ್ಲಿಡುತ್ತಿದ್ದ. ಹೂವಿಗೆ ಹುಳಿಯನ್ನದ ವಾಸನೆ ಹತ್ತಿರುತ್ತಿತ್ತು. ಬೀದಿಯಲ್ಲಿ ಯಾವಾಗಲೂ ಅವಳಿಗಿಂತ ನಾಲ್ಕು ಮಾರು ಮುಂದೆ ನಡೆಯುತ್ತಿದ್ದ. ಒಮ್ಮೆ ದಾದರ್ ಸ್ಟೇಷನ್ನಿನ ನೂಕುನುಗ್ಗಲಲ್ಲಿ ಹೆದರಿ ಪಂಕಜಾ ಅವನ ಕೈಗೆ ಕೈ ಚಾಚಿದಾಗ, ಈ ಪುಣ್ಯಾತ್ಮ ಅವಳಿಗೆ ಹಿಡಿದುಕೊಳ್ಳಲು ಕೊಡೆಯ ತುದಿ ಕೊಟ್ಟಿದ್ದ!

ಹಾಗಾಗಿ ಗೋವಾ ಎಂದೊಡನೆ ಪಂಕಜಾ ಆಸೆಪಟ್ಟದ್ದು ಚರ್ಚುಗಳಿಗಲ್ಲ, ಗೋಡಂಬಿಗಲ್ಲ. ಗುರುತಿನವರು ಯಾರೂ ಇಲ್ಲದ ಊರು, ಒಂದು ವಾರ, ಸಮುದ್ರ. ಅಲ್ಲಾದರೂ ಇವರು ಒಂದೇ ಒಂದು ಸಲ ಕೈ ಹಿಡಿದು ಜತೆಗೆ ನಡೆದಾರು ಎಂಬುದಷ್ಟೇ ಅವಳ ಆಸೆ. ಇದನ್ನು ಬಾಯಿಬಿಟ್ಟು ಯಾರಿಗೆ ಹೇಳುವುದು? ಹೇಳದೆ ಚಕ್ಕುಲಿ, ಕೋಡುಬಳೆ, ಒಗ್ಗರಣೆ ಅವಲಕ್ಕಿ ಮಾಡಿ ಡಬ್ಬಿ ತುಂಬಿದಳು.

ಹಡಗು ಭಾವೂಚಾ ಧಕ್ಕೆಯಿಂದ ಹತ್ತಕ್ಕೆ ಹೊರಡುವುದಿತ್ತು. ಏಳಕ್ಕೇ ಮನೆ ಬಿಡೋಣವೆಂದು ಪಂಕಜಾ ಅಂದಳು. ಸೋಮವಾರ, ಏಳೂವರೆಯಿಂದ ಒಂಬತ್ತರವರೆಗೆ ರಾಹುಕಾಲ, ನೀರಿನ ಮೇಲಿನ ಪ್ರಯಾಣ ಬೇರೆ, ಅದು ಕಳೆಯದೆ ಹೊಸಿಲು ದಾಟಕೂಡದೆಂದು ಅತ್ತೆ ಅಂದರು. ನಾಣಿ ಯಾರ ಮಾತು ಕೇಳಿದ ಎಂದು ಬೇರೆ ಹೇಳಬೇಕಿಲ್ಲ. ಇಬ್ಬರೂ ಟ್ರಂಕಿನ ಮೇಲೆ ಕೂತು ರಾಹು ಹೋಗುವುದನ್ನೇ ಕಾದರು. ರಾಹು ಸರಿಯಾಗಿ ಒಂಬತ್ತಕ್ಕೆ ಹೊರಟುಹೋದ. ಬಿಲ್ಡಿಂಗಿನವರು ಬಿಡಬೇಕಲ್ಲ! ಪಕ್ಕದ ಮನೆಯ ಶಾಮಲಾ ಆರತಿ ತಂದಳು. ಅವಳ ಗಂಡ ಕಿಟ್ಟು ಕ್ಯಾಮೆರಾ ತಂದು, ಮೆಟ್ಟಿಲ ಮೇಲೆ ಒಂದು, ಗೇಟಿನಲ್ಲಿ ಒಂದು, ಟ್ಯಾಕ್ಸಿಯ ಬಾಗಿಲಲ್ಲಿ ಒಂದು ಫೋಟೋ ತೆಗೆದ. ಇಬ್ಬರು ಹೋಗಿ ಮೂವರಾಗಿ ಬನ್ನಿ ಎಂದು ಯಾರೋ ಹಿರಿಯರು ಹರಸಿದ್ದಕ್ಕೆ ನಾಣಿಯ ಕಿವಿ ಕೆಂಪಾಯಿತು. ಕೊನೆಗೆ ಟ್ಯಾಕ್ಸಿ ಹೊರಟು, ಮಸೀದಿ ಬಂದರಿನ ಕೈಗಾಡಿಗಳ ನಡುವೆ ಸಿಕ್ಕಿಕೊಂಡು, ಧಕ್ಕೆ ಮುಟ್ಟುವ ಹೊತ್ತಿಗೆ ಹಡಗು ದಡ ಬಿಟ್ಟಿತ್ತು. ಅದರ ಮೇಲಿದ್ದವರು ಕರವಸ್ತ್ರ ಬೀಸುತ್ತಿದ್ದರು. ಏನು ಮಾಡಬೇಕೆಂದು ತೋಚದೆ ನಾಣಿಯೂ ಕೈ ಬೀಸಿದ.

ಪಂಕಜಾಗೆ ಅಳು ಬಂತು, ಅದರ ಹಿಂದೆಯೇ ನಗುವೂ ಬಂತು. ನಾಣಿಗೆ ಬಂದದ್ದು ಮನೆಯ ನೆನಪು. ಆರತಿ ಎತ್ತಿಸಿಕೊಂಡು ಹೊರಟವರು ಮಧ್ಯಾಹ್ನದ ಊಟಕ್ಕೆ ಮನೆಗೆ ಬಂದರೆ ಬಿಲ್ಡಿಂಗಿನ ಜನ ವರ್ಷವಿಡೀ ನಗುತ್ತಾರೆ. ಅದನ್ನಾದರೂ ಸಹಿಸಬಹುದು, ಅಮ್ಮನಿಗೆ ಏನು ಹೇಳುವುದು? ನಿನ್ನ ರಾಹುಕಾಲದಿಂದ ಹಡಗು ತಪ್ಪಿತು ಎನ್ನುವುದೇ? ಅಮ್ಮ ಎಷ್ಟು ನೊಂದುಕೊಳ್ಳುತ್ತಾಳೋ ಎಂದು ಹೆಂಡತಿಯ ಮುಂದೆಯೇ ಪೇಚಾಡಿದ. ಬೇರೆ ಹೆಂಗಸಾಗಿದ್ದರೆ ಅಮ್ಮನ ಕಡೆಗಿನ ಈ ಮಾತಿಗೆ ಸಿಟ್ಟಾಗುತ್ತಿದ್ದಳೇನೋ. ಪಂಕಜಾಗೆ ಮಾತ್ರ ಅವನ ಮೇಲೆ ಮರುಕ ಹುಟ್ಟಿತು.

“ಮನೆಗೆ ಹೋಗೋದು ಬೇಡ ಬಿಡ್ರೀ. ವಾರ ಪೂರ್ತಿ ಬೊಂಬಾಯಲ್ಲೇ ಇದ್ದು, ಮುಂದಿನ ಸೋಮವಾರ ಗೋವಾದಿಂದ ಬಂದ ಹಾಗೆ ಬಂದ್ರಾಯ್ತು” ಎಂದಳು.

ಹೀಗೆ, ಮೂರು ವರ್ಷದಿಂದ ಬೊಂಬಾಯಿಯಲ್ಲೇ ಇದ್ದ ಪಂಕಜಾ ಮೊದಲ ಸಲ ಬೊಂಬಾಯಿ ನೋಡಿದಳು. ಕೊಲಾಬಾದ ಲಾಡ್ಜೊಂದರಲ್ಲಿ ಟ್ರಂಕು ಇಳಿಯಿತು. ಗೇಟ್‌ವೇಯಿಂದ ದೋಣಿ ಹತ್ತಿ ಘಾರಾಪುರಿಗೆ ಹೋಗಿ ಗವಿಯೊಳಗಿನ ದೊಡ್ಡ ಶಿವನನ್ನು ಕಂಡು ಕೈ ಮುಗಿದರು. ಇರಾನಿಯವನ ಹೋಟೆಲಿನಲ್ಲಿ ಬನ್ ಮಸ್ಕಾವನ್ನು ಚಹಾದಲ್ಲಿ ಅದ್ದುವುದನ್ನು ಪಂಕಜಾ ಪಕ್ಕದ ಟೇಬಲಿನ ಪಾರ್ಸಿ ಮುದುಕನನ್ನು ನೋಡಿ ಕಲಿತಳು. ಚೌಪಾಟಿಯಲ್ಲಿ ಭೇಲ್ ತಿಂದು ಕಣ್ಣಲ್ಲಿ ನೀರು ಸುರಿಸುತ್ತ ಇನ್ನೊಂದು ಪ್ಲೇಟು ಕೇಳಿದಳು. ಇಷ್ಟೆಲ್ಲ ಸಂಭ್ರಮದಲ್ಲೂ ನಾಣಿ ಕಳ್ಳನ ಹಾಗೆ ಆ ಕಡೆ ಈ ಕಡೆ ನೋಡುತ್ತ ನಾಲ್ಕು ಮಾರು ಮುಂದೆಯೇ ನಡೆದ. ಬುಧವಾರ ಫೋರ್ಟಿನ ಉಡುಪಿ ಹೋಟೆಲಿನಲ್ಲಿ ಮಸಾಲೆ ದೋಸೆ ಮುರಿದು ಬಾಯಿಗಿಡುವಾಗ, ಪಂಕಜಾಳ ಹಿಂದಿನ ಟೇಬಲಿನಲ್ಲಿ ಅವನ ಹೆಡ್ ಕ್ಲಾರ್ಕು ಶಿರಾ ತಿನ್ನುತ್ತಿರುವುದು ಕಂಡಿತು. ನಾಣಿ ಕಾಲಿಗೆ ಬುದ್ಧಿ ಹೇಳಿದ. ಗರಿಗರಿಯಾದ ಆ ದೋಸೆಯನ್ನು ಅರ್ಧಕ್ಕೆ ಬಿಟ್ಟು ಎದ್ದದ್ದನ್ನು ಮಾತ್ರ ನಾನು ಎಂದಿಗೂ ಕ್ಷಮಿಸಲಾರೆ.

ಇನ್ನು ಊರೊಳಗಿದ್ದರೆ ಮಾನ ಉಳಿಯುವುದಿಲ್ಲವೆಂದು ನಾಣಿ ಹಟ ಹಿಡಿದಾಗ ಪಂಕಜಾಗೆ ಮನೋರಿ ನೆನಪಾಯಿತು. ಶಾಮಲಾ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೆಲಸಕ್ಕಿದ್ದಳು. ಜತೆಯಲ್ಲಿ ಕೂರುವ ಕ್ರಿಶ್ಚಿಯನ್ ಹುಡುಗಿಯ ಊರು ಮನೋರಿ, ನೀರು ದಾಟಿದರೆ ದ್ವೀಪದ ಹಾಗೆ, ಬಾವಿಕಟ್ಟೆಯ ಪಕ್ಕದ ಮನೆಯ ಮುದುಕಿ ರೂಮು ಕೊಡುತ್ತಾಳೆ ಎಂದೆಲ್ಲ ಅವಳು ವರ್ಣಿಸಿದ್ದು ಪಂಕಜಾಗೆ ಚೆನ್ನಾಗಿ ನೆನಪಿತ್ತು. ಎಲ್ಲರೂ ಒಂದು ಭಾನುವಾರ ಅಲ್ಲಿಗೆ ಪಿಕ್ನಿಕ್ ಹೋಗೋಣ ಎಂದು ಅದೇ ಉಸಿರಿನಲ್ಲಿ ಹೇಳಿದ್ದು ಮಾತ್ರ ಮರೆತೇಹೋಗಿತ್ತು.

ಗುರುವಾರ ಬೆಳಿಗ್ಗೆ ಲೋಕಲ್ ಹಿಡಿದು ಮಾಲಾಡ್, ಅಲ್ಲಿಂದ ಬಸ್ಸಿನಲ್ಲಿ ಮಾರ್ವೆ, ಆಮೇಲೆ ದೋಣಿ. ಐದೇ ನಿಮಿಷದ ದೋಣಿ, ಆದರೆ ಆಚೆ ದಡದಲ್ಲಿದ್ದದ್ದು ಬೇರೆಯೇ ಲೋಕ. ತೆಂಗು, ತಾಳೆ, ಹೆಂಚಿನ ಮನೆಗಳು, ಮುಂದೆ ಕಣ್ಣು ಹಾಯುವಷ್ಟು ದೂರ ಮರಳು. ರೂಮು ಕೊಡುವ ಮುದುಕಿಯ ಹೆಸರು ಫಿಲೋಮೆನಾಬಾಯಿ. ಗಂಡ ಮುಂದೆ, ಹೆಂಡತಿ ಅಷ್ಟು ದೂರ ಹಿಂದೆ ಬರುವುದನ್ನು ಕಂಡು ಅವಳು ಪಂಕಜಾಳನ್ನು ಪಕ್ಕಕ್ಕೆ ಕರೆದಳು.

“ಝಗಡಾ ಹುವಾ ಕ್ಯಾ?” ಎಂದು ಮೆಲ್ಲಗೆ ಕೇಳಿದಳು.

ಜಗಳವೇನಿಲ್ಲವೆಂದು ಪಂಕಜಾ ನಕ್ಕಳು. ಮುದುಕಿ ನಂಬಿದಂತೆ ಕಾಣಲಿಲ್ಲ.

ಮನೋರಿಯಲ್ಲಿ ಪಂಕಜಾ ಸುಖಪಟ್ಟಳು. ಮುಂಜಾನೆ ಎದ್ದು ಸ್ಟೋವ್ ಪಂಪು ಹೊಡೆಯುವ ಕೆಲಸವಿಲ್ಲ, ನಲ್ಲಿಯಲ್ಲಿ ನೀರು ನಿಂತೀತೆಂಬ ಗಡಿಬಿಡಿಯಿಲ್ಲ. ಬಿಸಿಲು ಮುಖಕ್ಕೆ ಬೀಳುವವರೆಗೆ ಮಲಗಿದಳು. ಫಿಲೋಮೆನಾಬಾಯಿ ಮೀನಿನ ಸಾರು ತಂದಾಗ ನಾಣಿ ಅಂಗಳಕ್ಕೆ ಓಡಿಹೋದ. ಮುದುಕಿ ಹೊಟ್ಟೆ ಹುಣ್ಣಾಗುವಂತೆ ನಕ್ಕು, ಅಂದಿನಿಂದ ಎಳನೀರು, ಬಾಳೆಹಣ್ಣು, ಬಿಸಿ ಅಕ್ಕಿರೊಟ್ಟಿ ಕೊಟ್ಟಳು. ರೊಟ್ಟಿಗೆ ಪಂಕಜಾಳ ಚಟ್ನಿಪುಡಿ ಸೇರಿದರೆ ಇನ್ನೇನು ಬೇಕು?

ಬೇಕಾದದ್ದು ಒಂದಿತ್ತು. ಸಂಜೆ ಸೀರೆಯ ನಿರಿಗೆ ಎತ್ತಿ ಸಿಕ್ಕಿಸಿ, ಮೊಣಕಾಲುದ್ದ ನೀರಿನಲ್ಲಿ ನಿಂತು ಅವಳು ಗಂಡನನ್ನು ಕರೆಯುವಳು. ಅವನು ಒಣ ಮರಳಿನಲ್ಲಿ, ಕೊಡೆಯನ್ನು ಊರಿನ ಕಡೆಗೆ ಅಡ್ಡ ಹಿಡಿದು ಕೂತಿರುವನು. ಶನಿವಾರ ಪಂಕಜಾಗೆ ತಡೆಯಲಾಗಲಿಲ್ಲ.

“ಇಲ್ಲಿ ಯಾರಿದಾರೆ ಅಂತ ಹೆದರ್ತೀರಿ? ನೋಡಿದ್ರೆ ತಾನೆ ಏನಾಗತ್ತೆ?”

ನಾಣಿ ಮರಳಿನ ಮೇಲೆ ಬೆರಳಾಡಿಸುತ್ತ ತಲೆ ತಗ್ಗಿಸಿದ. ಪಂಕಜಾಗೆ ದುಃಖವಾಯಿತು. ಮೂರು ವರ್ಷದಲ್ಲಿ ಮೊದಲ ಸಲ, ಇವರು ಬದಲಾಗುವವರಲ್ಲ, ನಾಳೆ ಒಂದು ದಿನ ಕಳೆದರೆ ಮತ್ತೆ ಅದೇ ಅಡುಗೆಮನೆ, ಅದೇ ಪರದೆ ಎಂದುಕೊಂಡಳು.

ಭಾನುವಾರ ಹತ್ತು ಗಂಟೆಯ ಬಿಸಿಲು. ಪಂಕಜಾ ಅಲೆಯ ಅಂಚಿನಲ್ಲಿ ನಡೆಯುತ್ತಿದ್ದಳು, ನಾಣಿ ಸ್ವಲ್ಪ ದೂರದಲ್ಲಿ ಪಂಚೆ ಎತ್ತಿ ಕಟ್ಟಿ ಒಣ ಮರಳು ತುಳಿಯುತ್ತಿದ್ದ. ಊರಿನ ಕಡೆಯಿಂದ ಗದ್ದಲ ಕೇಳಿಸಿತು. ದೊಡ್ಡ ಪಾತ್ರೆ ಹೊತ್ತವರು, ಜಮಖಾನೆ ಹೊತ್ತವರು, ಮಕ್ಕಳನ್ನು ಹೊತ್ತವರು, ಮುಂದಾಳಾಗಿ ಶಾಮಲಾ, ಕೊರಳಲ್ಲಿ ಕ್ಯಾಮೆರಾ ನೇತುಹಾಕಿದ ಕಿಟ್ಟು. ಬಿಲ್ಡಿಂಗಿಗೆ ಬಿಲ್ಡಿಂಗೇ ಬಂದಿತ್ತು. ಕಿಟ್ಟುವಿನ ತೋಳು ಹಿಡಿದು, ಚಪ್ಪಲಿ ಕೈಯಲ್ಲಿಟ್ಟುಕೊಂಡು, ಮರಳಿನ ಮೇಲೆ ಹುಷಾರಾಗಿ ಹೆಜ್ಜೆ ಹಾಕುತ್ತಿದ್ದವರು ಅತ್ತೆ!

ನಾಣಿ ಸುತ್ತ ನೋಡಿದ. ಮರಗಳೆಲ್ಲ ಅವರ ಬೆನ್ನಿಗಿದ್ದವು, ಉಳಿದದ್ದು ಬಟ್ಟಬಯಲು. ಅವನು ಸಮುದ್ರಕ್ಕೇ ಓಡಿದ. ಸೊಂಟದ ಮಟ್ಟದ ನೀರು ಸಿಕ್ಕಿದೊಡನೆ ದಡಕ್ಕನೆ ಕುಳಿತುಬಿಟ್ಟ. ನೀರಿನ ಮೇಲೆ ಉಳಿದದ್ದು ಕನ್ನಡಕ ಹಾಕಿಕೊಂಡ ಒಂದು ತಲೆ.

ಪಂಕಜಾಳೂ ಸೆರಗು ಎಳೆದುಕೊಂಡು ಇನ್ನೊಂದು ಕಡೆ ನಡೆದುಹೋಗಬಹುದಿತ್ತು. ಆದರೆ ಅವಳಿಗೆ ಬಚ್ಚಿಟ್ಟುಕೊಂಡು ಸಾಕಾಗಿತ್ತು. ಒಂದು ವಾರದಿಂದಲ್ಲ, ಮೂರು ವರ್ಷದಿಂದ ಸಾಕಾಗಿತ್ತು. ಒದ್ದೆ ಸೀರೆಯಲ್ಲಿಯೇ ತಿರುಗಿ, ನೆಟ್ಟಗೆ ಅವರ ಕಡೆ ನಡೆದಳು. ಶಾಮಲಾ ದೆವ್ವ ಕಂಡವಳಂತೆ ನಿಂತಳು.

ಹಡಗು ತಪ್ಪಿತೆಂದೂ, ವಾಪಸು ಬರಲು ನಾಚಿಕೆಯಾಗಿ ಇಲ್ಲಿ ಬಂದು ಉಳಿದೆವೆಂದೂ ಪಂಕಜಾ ಹೇಳಿದಳು. ದಾರಿಯಲ್ಲಿ ಕೈಗಾಡಿಗಳು ಅಡ್ಡ ಬಂದವು ಎಂದಳೇ ಹೊರತು ರಾಹುಕಾಲದ ಸೊಲ್ಲೆತ್ತಲಿಲ್ಲ. ಬಿಲ್ಡಿಂಗಿನ ಜನಕ್ಕೆ ನಗಬೇಕೋ ಬೇಡವೋ ತಿಳಿಯದೆ ಒಬ್ಬರ ಮುಖ ಒಬ್ಬರು ನೋಡಿದರು. ಅತ್ತೆ ಚಪ್ಪಲಿಗಳನ್ನು ಕೆಳಗಿಟ್ಟರು.

“ಕೈಗಾಡಿಯಲ್ಲ. ಹಡಗು ತಪ್ಸಿದ್ದು ನಾನು” ಎಂದರು. “ನಿನಗೆ ಅದು ಗೊತ್ತು, ಆದ್ರೂ ಹೇಳ್ಲಿಲ್ಲ.”

ಅತ್ತೆ ಅವಳ ಕೆನ್ನೆಗೆ ಅಂಟಿದ್ದ ಮರಳನ್ನು ಬೆರಳಿನಿಂದ ಒರೆಸಿ, ನಾಣಿ ಎಲ್ಲಿ ಎಂದು ಕೇಳಿದರು. ಪಂಕಜಾ ಸಮುದ್ರದ ಕಡೆ ಕೈ ತೋರಿಸಿದಳು. ಎಲ್ಲರೂ ತಿರುಗಿದರು. ಅಷ್ಟು ಹೊತ್ತಿಗೆ ಒಂದು ಅಲೆ ಆ ತಲೆಯನ್ನು ಮುಚ್ಚಿ ಹಾದುಹೋಯಿತು. ತಲೆ ಮತ್ತೆ ಮೇಲೆ ಬಂತು, ಕನ್ನಡಕ ಒಂದು ಕಿವಿಯಿಂದ ಜೋತಾಡುತ್ತಿತ್ತು. ಮೊದಲು ನಕ್ಕವರು ಅತ್ತೆಯೇ. ಆಮೇಲೆ ಇಡೀ ಬಿಲ್ಡಿಂಗು ನಕ್ಕಿತು, ನೀರು ತರಲು ಹೊರಟಿದ್ದವರು ಕೊಡ ಕೆಳಗಿಟ್ಟು ನಕ್ಕರು.

ನಾಣಿ ಎದ್ದು ನಿಂತ. ಪಂಚೆ ಮೈಗಂಟಿತ್ತು, ಬನಿಯನ್ನಿನಿಂದ ನೀರು ಸುರಿಯುತ್ತಿತ್ತು. ಯಾರ ಕಣ್ಣಿಗೆ ಬಿದ್ದರೆ ಏನು ಗತಿ ಎಂದು ಇಷ್ಟು ವರ್ಷ ಹೆದರಿದ್ದನೋ ಅವರೆಲ್ಲರೂ ಈಗ ಸಾಲಾಗಿ ನಿಂತು ಅವನನ್ನೇ ನೋಡುತ್ತಿದ್ದರು. ನೋಡಿದ್ದಾಯಿತು, ನಕ್ಕಿದ್ದೂ ಆಯಿತು. ಅವನಿಗೆ ಏನೂ ಆಗಲಿಲ್ಲ. ಆಕಾಶ ಬೀಳಲಿಲ್ಲ, ನೀರು ಬೆಚ್ಚಗೇ ಇತ್ತು. ಅವನ ಮುಖದಲ್ಲಿ ನಿಧಾನವಾಗಿ ನಗು ಮೂಡುವುದನ್ನು ಪಂಕಜಾ ದಡದಿಂದಲೇ ಕಂಡಳು. ಅಂಥ ನಗುವನ್ನು ಅವಳು ಹಿಂದೆ ನೋಡಿರಲಿಲ್ಲ.

ಅಲ್ಲಿಂದಲೇ ನಾಣಿ ಬಲಗೈ ಮುಂದೆ ಚಾಚಿದ.

“ಪಂಕಜಾ, ಬಾರೇ” ಎಂದು ಗಟ್ಟಿಯಾಗಿ ಕರೆದ.

ನಗು ನಿಂತಿತು. ಪಂಕಜಾ ಅತ್ತೆಯ ಕಡೆ ನೋಡಿದಳು. ಎಷ್ಟೆಂದರೂ ಮೂರು ವರ್ಷದ ಅಭ್ಯಾಸ.

“ನನ್ನೇನು ನೋಡ್ತೀಯ? ಅವನು ಕರೀತಿದಾನಲ್ಲ, ಹೋಗು” ಎಂದರು ಅತ್ತೆ.

ಪಂಕಜಾ ನೀರಿಗಿಳಿದಳು. ಅಲೆ ಮೊಣಕಾಲಿಗೆ ಬಂತು, ಸೊಂಟಕ್ಕೆ ಬಂತು. ನಾಣಿಯ ಕೈ ಸಿಕ್ಕಿತು, ಒದ್ದೆಯಾಗಿ, ಉಪ್ಪುಪ್ಪಾಗಿ. ದಡದ ಮೇಲೆ ಕಿಟ್ಟು ಕ್ಯಾಮೆರಾ ಎತ್ತಿ ಇತ್ತ ನೋಡಿ ಎಂದು ಕೂಗುತ್ತಿದ್ದ. ಅತ್ತೆ ಹಣೆಗೆ ಕೈ ಅಡ್ಡ ಹಿಡಿದು ನೋಡುತ್ತಲೇ ಇದ್ದರು. ನಾಣಿ ಕೈ ಬಿಡಲಿಲ್ಲ.