ಎರಡು ಬೆರಳು ಕಮ್ಮಿ

ಮೂವತ್ತೆಂಟು ವರ್ಷ ಟೇಪು ಹಿಡಿದ ಕೈ ಅಜ್ಜಿಯದು. ಬಟ್ಟೆ ಹೊಲಿಸಲು ಬಂದವರು ಹಲ್ಲು ಗಿಂಜುತ್ತಾ, ‘ಸೊಂಟ ಒಂಚೂರು ಕಮ್ಮಿ ಬರ್ಕೊಳ್ಳಿ’ ಅಂದರೆ, ‘ನಾನು ಬರ್ಕೋಬಹುದು, ಬಟ್ಟೆ ಒಪ್ಪಬೇಕಲ್ಲ’ ಎಂದು ಮುಖಕ್ಕೆ ಹೊಡೆದ ಹಾಗೆ ಹೇಳುತ್ತಿದ್ದಳು. ಅಂಗಡಿಗಳಲ್ಲಿ ತೂಗುಹಾಕಿದ ಫ್ರೀ ಸೈಜ್ ಉಡುಪು ಕಂಡರಂತೂ ಅವಳಿಗೆ ಪಿತ್ತ ನೆತ್ತಿಗೇರುತ್ತಿತ್ತು. ಎಲ್ಲರಿಗೂ ಆಗುತ್ತದೆಂದು ಹೊಲಿದದ್ದು ತೆಳ್ಳಗಿನವರಿಗೆ ಗೋಣಿಚೀಲ, ದಪ್ಪಗಿನವರಿಗೆ ಉಸಿರುಕಟ್ಟು, ಅದಕ್ಕಿಂತ ಟೇಬಲ್ಲಿಗೆ ಹೊದಿಸುವುದು ಮೇಲು ಎನ್ನುತ್ತಿದ್ದಳು. ಇಂಥವಳು ಅರವತ್ತಾರನೆಯ ವಯಸ್ಸಿನಲ್ಲಿ ಒಂದು ಜೊತೆ ಬೂಟು ಮುಂದಿಟ್ಟುಕೊಂಡು ಅಳತೆಯಲ್ಲಿ ಮೋಸ ಮಾಡಿದಳು.

ಬೂಟು ಆರು ವರ್ಷದ ಮೊಮ್ಮಗಳದು. ಆ ಹುಡುಗಿ ಎರಡು ನಿಮಿಷ ಒಂದು ಕಡೆ ಇದ್ದದ್ದನ್ನು ಕಂಡವರಿಲ್ಲ. ಅದಕ್ಕೇ ಹೊಲಿಗೆ ಮಿಷನ್ನಿನೊಳಗೆ ಗಿರಗಿರ ತಿರುಗುವ ದಾರದ ಉರುಳೆಯ ಹೆಸರನ್ನೇ ಅಜ್ಜಿ ಅವಳಿಗಿಟ್ಟು, ಬಾಬಿನ್ ಎಂದು ಕರೆಯುತ್ತಿದ್ದಳು. ಬಾಬಿನ್ನಿನ ಅಪ್ಪ ಅಮ್ಮ ಇಬ್ಬರೂ ಕೆಲಸಕ್ಕೆ ಹೋಗುವವರು. ಶಾಲೆ ಬಿಟ್ಟ ಮೇಲೆ ನಾಲ್ಕರಿಂದ ಏಳರವರೆಗೆ ಅವಳು ಅಜ್ಜಿಯ ಮನೆಯಲ್ಲಿ, ಮಿಷನ್ನಿನ ಸುತ್ತಮುತ್ತ, ಚಿಂದಿ ಬಟ್ಟೆಗಳ ನಡುವೆ ಬೆಳೆಯುತ್ತಿದ್ದಳು. ದಿನದ ಉಳಿದ ಇಪ್ಪತ್ತೊಂದು ಗಂಟೆಯನ್ನು ಅಜ್ಜಿ ಆ ಮೂರು ಗಂಟೆಗಾಗಿ ಕಳೆಯುತ್ತಿದ್ದಳು.

ಹೋದ ವರ್ಷ ಅಳಿಯ ಎಲ್ಲರನ್ನೂ ಆಟದ ಪಾರ್ಕಿಗೆ ಕರೆದುಕೊಂಡು ಹೋಗಿದ್ದ. ಅಲ್ಲಿ ಒಂದು ದೊಡ್ಡ ತೂಗುಹಡಗು. ಅದರ ಮುಂದೆ ಆಳೆತ್ತರದ ಬೋರ್ಡು: ‘ಇಡೀ ಕುಟುಂಬಕ್ಕೆ’. ಬೋರ್ಡಿನ ಪಕ್ಕದಲ್ಲೇ ಒಂದು ಕಂಬ, ಕಂಬದ ಮೇಲೆ ಕೆಂಪು ಗೆರೆ. ಬಾಬಿನ್ನಿನ ತಲೆ ಆ ಗೆರೆಗೆ ಮುಟ್ಟಲಿಲ್ಲ. ಅಪ್ಪ ಅಮ್ಮ ಹಡಗು ಹತ್ತಿದರು. ಅಜ್ಜಿ ಮತ್ತು ಬಾಬಿನ್ ನಾಲ್ಕು ಬ್ಯಾಗು ಕಾಯುತ್ತಾ ಬೆಂಚಿನ ಮೇಲೆ ಕೂತರು. ಮಗು ಬಿಕ್ಕಳಿಕೆ ಬರುವವರೆಗೆ ಅತ್ತಿತು.

“ನಾವಿಬ್ರು ಕುಟುಂಬ ಅಲ್ವಾ ಹಾಗಾದ್ರೆ?” ಎಂದು ಅಜ್ಜಿ ಅಂದು ಸಂಜೆ ಕಾರಿನಲ್ಲಿ ಕೇಳಿದ್ದಳು.

“ಎಲ್ಲರಿಗೂ ಆಗೋ ಆಟ ಅಂತ ಮಾಡಿದ್ರೆ ಅದು ತೊಟ್ಟಿಲು ತೂಗಿದ ಹಾಗಿರುತ್ತೆ ಅತ್ತೆ,” ಎಂದು ಅಳಿಯ ನಕ್ಕಿದ್ದ. ಅವನು ಒಳ್ಳೆಯವನೇ. ಹೊಟ್ಟೆಯಷ್ಟೇ ದೊಡ್ಡ ಮನಸ್ಸು, ಹೊಟ್ಟೆಯೂ ಸಣ್ಣದಲ್ಲ.

“ಹಾಗಿದ್ರೆ ಆ ಬೋರ್ಡು ಯಾಕೆ?” ಎಂದು ಮಗಳು ಕೇಳಿದ್ದಳು. ಆ ಪ್ರಶ್ನೆ ಅಜ್ಜಿಯ ಮನಸ್ಸಿನಲ್ಲಿ ಮುಳ್ಳಿನ ಹಾಗೆ ಉಳಿದುಬಿಟ್ಟಿತು.

ಈ ವರ್ಷ ಮತ್ತೆ ಹೋಗುವ ಮಾತು ಬಂದಾಗ ಅಜ್ಜಿ ಬಾಬಿನ್ನನ್ನು ಗೋಡೆಗೆ ನಿಲ್ಲಿಸಿ ಟೇಪು ಹಿಡಿದಳು. ಕಂಬದ ಕೆಂಪು ಗೆರೆಯ ಎತ್ತರವನ್ನು ಅವಳ ಕಣ್ಣು ಹೋದ ವರ್ಷವೇ ಅಳೆದಿಟ್ಟಿತ್ತು. ಎರಡು ಬೆರಳು ಕಮ್ಮಿ. ಎರಡು ಬೆರಳಿಗೆ ಒಂದು ಮಗುವನ್ನು ಅಳಿಸುತ್ತಾರೆಯೇ ಎಂದು ಅವಳಿಗೆ ರೋಷ ಬಂತು. ಕೋಟಿನ ಹೆಗಲಿಗೆ ಇಡುವ ಪ್ಯಾಡುಗಳನ್ನು ಒಂದರ ಮೇಲೊಂದು ಪೇರಿಸಿ, ಗಟ್ಟಿ ಕ್ಯಾನ್ವಾಸಿನಲ್ಲಿ ಸುತ್ತಿ, ಅಂಚಿಗೆ ಹೊಲಿಗೆ ಹಾಕಿದಳು. ಕಾಲಿನ ಗಂಟು ಮುಚ್ಚುವ, ಒಂದು ಅಳತೆ ದೊಡ್ಡದಾದ ಬೂಟು ತಂದು ಎರಡರೊಳಗೂ ಅವನ್ನು ಕೂರಿಸಿದಳು. ಬಾಬಿನ್ ಮನೆ ತುಂಬ ನಡೆದು ನೋಡಿ, “ನಾನು ಅಮ್ಮನ ಹಾಗೆ ಉದ್ದ ಆಗಿದೀನಿ,” ಅಂದಳು.

“ಯಾರಿಗೂ ಹೇಳ್ಬೇಡ,” ಅಂದಳು ಅಜ್ಜಿ. “ನಂದೂ ನಿಂದೂ ಮಾತ್ರ.”

ಬಾಬಿನ್ ಬಾಯಿಯ ಮೇಲೆ ಬೆರಳಿಟ್ಟುಕೊಂಡಳು.

ಪಾರ್ಕಿನ ಕಂಬದ ಹತ್ತಿರ ಬಂದಾಗ ಅಜ್ಜಿ ಬಾಬಿನ್ನಿನ ಬೆನ್ನು ನೆಟ್ಟಗೆ ಮಾಡಿದಳು. ಹೋದ ವರ್ಷ ಇದ್ದ ಹೆಂಗಸೇ ಈ ವರ್ಷವೂ ಗೇಟಿನಲ್ಲಿದ್ದಳು. ನಲವತ್ತು ದಾಟಿದವಳು, ಬಿಸಿಲಿಗೆ ಮುಖ ಕಂದಿತ್ತು, ಬೆಳಗಿನಿಂದ ನಿಂತು ಒಂದು ಕಾಲಿನಿಂದ ಇನ್ನೊಂದಕ್ಕೆ ಭಾರ ಬದಲಿಸುತ್ತಿದ್ದಳು. ಅವಳು ಬಾಬಿನ್ನಿನ ತಲೆಯ ಮೇಲೆ ಮರದ ಪಟ್ಟಿ ಇಟ್ಟು, ಬಗ್ಗಿ ಗೆರೆ ನೋಡಿ, ಮತ್ತೊಮ್ಮೆ ನೋಡಿದಳು.

“ಹೋದ ವರ್ಷ ಅತ್ತಿದ್ದ ಮಗು ಅಲ್ವಾ? ಒಂದು ವರ್ಷಕ್ಕೆ ಚೆನ್ನಾಗಿ ಬೆಳೆದಿದಾಳೆ. ಕೂದಲೆಳೆ ಅಷ್ಟೇ, ಆದ್ರೂ ಸರಿ. ಹೋಗು ಪುಟ್ಟಾ.”

ಗೆದ್ದೆ ಎಂದುಕೊಂಡಳು ಅಜ್ಜಿ. ಆ ಗೆಲುವು ಹಡಗಿನ ಮೆಟ್ಟಿಲು ಹತ್ತುವಷ್ಟು ಹೊತ್ತು ಮಾತ್ರ ಇತ್ತು.

ನಡುವಿನ ಸಾಲುಗಳೆಲ್ಲ ತುಂಬಿದ್ದವು. ಇವರಿಗೆ ಸಿಕ್ಕಿದ್ದು ತುದಿಯ ಸಾಲು, ತೂಗಿದಾಗ ಎಲ್ಲಕ್ಕಿಂತ ಮೇಲೇಳುವ ಜಾಗ. ಆ ಕೊನೆಗೆ ಮಗಳು, ಅವಳ ಪಕ್ಕ ಅಳಿಯ, ಆಮೇಲೆ ಬಾಬಿನ್, ಈ ಕೊನೆಗೆ ಅಜ್ಜಿ. ನಾಲ್ಕು ಜನಕ್ಕೂ ಸೇರಿ ಅಡ್ಡಕ್ಕೆ ಒಂದೇ ಕಬ್ಬಿಣದ ಕಂಬಿ. ಹಡಗು ನಡೆಸುವವನು ಗುಂಡಿ ಒತ್ತಿದ. ಕಂಬಿ ನಿಧಾನಕ್ಕೆ ಇಳಿಯಿತು, ಇಳಿದು ಅಳಿಯನ ಹೊಟ್ಟೆಗೆ ತಾಗಿ ಟಕ್ಕೆಂದು ನಿಂತಿತು.

ಅಜ್ಜಿ ಪಕ್ಕಕ್ಕೆ ಬಗ್ಗಿ ಬಾಬಿನ್ನಿನ ಮಡಿಲ ಕಡೆ ನೋಡಿದಳು.

ಅವಳ ಕಣ್ಣಿಗೆ ಟೇಪು ಬೇಕಿರಲಿಲ್ಲ. ಬಾಬಿನ್ನಿನ ತೊಡೆಗೂ ಕಂಬಿಗೂ ನಡುವೆ ಒಂದು ಗೇಣು ಖಾಲಿ. ಮಗುವಿನ ಸೊಂಟ ಆ ಸಂದಿನಲ್ಲಿ ಸಲೀಸಾಗಿ ದಾಟುತ್ತದೆ. ಫ್ರೀ ಸೈಜ್ ಎಂದು ಊರಿಗೆಲ್ಲ ಬೈದು ಬಂದವಳು ಈಗ ಫ್ರೀ ಸೈಜ್ ಕಂಬಿಯ ಕೆಳಗೆ, ತನ್ನ ಜೀವಕ್ಕಿಂತ ಹೆಚ್ಚಿನದನ್ನು ಪಕ್ಕದಲ್ಲಿಟ್ಟುಕೊಂಡು ಕೂತಿದ್ದಳು. ನಾಲ್ವರು ಒಂದೇ ಸಾಲಿನಲ್ಲಿ ಕೂರಬೇಕು ಎಂದು ಬೆಳಗಿನಿಂದ ಹಟ ಹಿಡಿದವಳೂ ಅವಳೇ.

ಗೇಟಿನ ಹೆಂಗಸು ಸಾಲುಸಾಲಾಗಿ ಕಂಬಿ ಅಲ್ಲಾಡಿಸಿ ನೋಡುತ್ತಾ ಬಂದಳು. ಇವರ ಸಾಲಿನ ಕಂಬಿ ಅಳಿಯನ ಹೊಟ್ಟೆಯ ಮೇಲೆ ಬಿಗಿಯಾಗಿ ಕೂತಿತ್ತು, ಅಲ್ಲಾಡಲಿಲ್ಲ. “ಎಲ್ಲಾ ಸರಿನಾ?” ಎಂದು ಅಜ್ಜಿಯ ಮುಖ ನೋಡಿ ಕೇಳಿದಳು.

ಈಗ ಹೇಳಬೇಕಿತ್ತು. ಮಗು ಚಿಕ್ಕದು, ಇಳಿಸಿ, ಎಂಬ ಮೂರೇ ಮೂರು ಮಾತು. ಹೇಳಿದರೆ, ‘ಅಳೆದು ಬಿಟ್ಟಿದೀವಲ್ಲ’ ಎನ್ನುತ್ತಾರೆ, ಮತ್ತೆ ಅಳೆಯುತ್ತಾರೆ, ಬೂಟು ಬಿಚ್ಚಿಸುತ್ತಾರೆ. ಮಗಳು ನೋಡುತ್ತಾಳೆ. ಅಜ್ಜಿ ಬಾಯಿ ತೆರೆದಳು. ಒಂದು ಉಸಿರು ತಡವಾಯಿತು. ಹೆಂಗಸು ಕೆಳಗಿಳಿದಳು, ಗಂಟೆ ಹೊಡೆಯಿತು.

ಮೊದಲ ತೂಗು ಮೆಲ್ಲಗಿತ್ತು. ಬಾಬಿನ್ ನಕ್ಕಳು. ಅಜ್ಜಿ ಎಡಗೈಯನ್ನು ಮಗುವಿನ ಬೆನ್ನ ಹಿಂದೆ ತೂರಿಸಿ ಫ್ರಾಕಿನ ಸೊಂಟವನ್ನು ಮುಷ್ಟಿಯಲ್ಲಿ ಹಿಡಿದಳು.

ಮೂರನೆಯ ತೂಗಿಗೆ ಹಡಗು ಎತ್ತರ ಹಿಡಿಯಿತು. ಎದುರಿನ ತುದಿ ಮೇಲೇರಿದಾಗ ಬೆನ್ನು ಸೀಟಿಗೆ ಒತ್ತಿಕೊಂಡು ಉಸಿರಾಡಬಹುದಿತ್ತು. ತಮ್ಮ ತುದಿ ಮೇಲೇರಿದಾಗ ಮೈ ಮುಂದಕ್ಕೆ ಬಗ್ಗಿ, ಕಾಲ ಕೆಳಗೆ ಬರೀ ಗಾಳಿ, ಅದರ ಕೆಳಗೆ ಸಿಮೆಂಟು ನೆಲ. ತೀರಾ ಮೇಲಕ್ಕೆ ಹೋಗಿ ಹಡಗು ಒಂದು ಕ್ಷಣ ನಿಂತಾಗ ಎಲ್ಲರ ಮೈಯೂ ಸೀಟು ಬಿಟ್ಟು ಎದ್ದಿತು. ಉಳಿದವರನ್ನು ಕಂಬಿ ತಡೆಯಿತು. ಬಾಬಿನ್ ಕಂಬಿಯ ಕೆಳಗೆ ಜಾರಿದಳು.

ಅಜ್ಜಿ ಫ್ರಾಕು ಹಿಡಿದು ಹಿಂದಕ್ಕೆಳೆದಳು. ಮುಷ್ಟಿಯೊಳಗೆ ಪಟ್ ಎಂದಿತು.

ಆ ಸದ್ದು ಅವಳಿಗೆ ಚೆನ್ನಾಗಿ ಗೊತ್ತು. ಆ ಫ್ರಾಕು ಅವಳೇ ಹೊಲಿದದ್ದು. ಬೆಳೆಯುವ ಮಗು, ಮುಂದೆ ಅಗಲ ಮಾಡಬೇಕಾಗುತ್ತದೆ ಎಂದು ಪಕ್ಕದಲ್ಲಿ ಕಚ್ಚಾ ಹೊಲಿಗೆ ಮಾತ್ರ ಹಾಕಿದ್ದಳು. ಎಳೆದರೆ ಬಿಚ್ಚಲಿ ಎಂದೇ ಹಾಕಿದ ಹೊಲಿಗೆ ಅದು.

“ನಿಲ್ಸಿ! ಮಗು ಜಾರ್ತಿದೆ, ನಿಲ್ಸಿ!”

ಹಡಗು ತುಂಬ ಜನ ಕಿರಿಚುತ್ತಿದ್ದರು. ಖುಷಿಗೆ ಕಿರಿಚುವವರ ನಡುವೆ ಅವಳ ಕಿರಿಚಾಟವೂ ಒಂದಾಗಿ ಸೇರಿಹೋಯಿತು. ಅಳಿಯ ಎರಡು ಕೈಯನ್ನೂ ಮೇಲೆತ್ತಿ, ಹೆಂಡತಿಯ ಕಡೆ ತಿರುಗಿ, “ನಿಮ್ಮಮ್ಮ ಕೂಗ್ತಿರೋದು ನೋಡು,” ಎಂದು ನಗುತ್ತಿದ್ದ.

ಪಟ್. ಪಟ್. ಅಜ್ಜಿ ಎಣಿಸುತ್ತಿರಲಿಲ್ಲ, ಆದರೆ ಬೆರಳು ಎಣಿಸುತ್ತಿತ್ತು. ಮುಂದಿನ ಸಲ ಮೇಲೇರಿದಾಗ ಕೈಯಲ್ಲಿ ಬಟ್ಟೆ ಉಳಿಯುತ್ತದೆ, ಮಗು ಉಳಿಯುವುದಿಲ್ಲ. ಎದುರಿನ ತುದಿ ಮೇಲಿದ್ದಾಗ, ಉಸಿರಾಡಲು ಸಿಕ್ಕ ಆ ಚಿಕ್ಕ ಬಿಡುವಿನಲ್ಲಿ, ಅವಳು ಫ್ರಾಕು ಬಿಟ್ಟಳು. ಬಿಡುವುದಕ್ಕೆ ಎಷ್ಟು ಹೆದರಿಕೆಯಾಯಿತೆಂದರೆ ಕಣ್ಣು ಕತ್ತಲಿಟ್ಟಿತು. ಎಡಗೈಯನ್ನು ಮಗುವಿನ ಕಂಕುಳಲ್ಲಿ ತೂರಿಸಿ ಎದೆಯನ್ನು ಬಳಸಿದಳು. ಮಂಡಿನೋವೆಂದು ಮೆಟ್ಟಿಲು ಹತ್ತಲು ಗೊಣಗುತ್ತಿದ್ದವಳು ಎಡಗಾಲನ್ನು ಎತ್ತಿ ಮಗುವಿನ ಎರಡೂ ಕಾಲಿನ ಮೇಲೆ ಹಾಕಿ, ಪಾದವನ್ನು ಮುಂದಿನ ಸೀಟಿನ ಕೆಳಗೆ ಸಿಕ್ಕಿಸಿದಳು.

ಹಡಗು ಮತ್ತೆ ಮೇಲೇರಿತು. ಮಗುವಿನ ಭಾರವೆಲ್ಲ ಅವಳ ತೋಳಿಗೆ ಬಂತು. ಭುಜದಲ್ಲಿ ಏನೋ ಕಿತ್ತುಬಂದ ಹಾಗಾಯಿತು. “ಅಜ್ಜೀ,” ಎಂದಿತು ಮಗು, ಬಹಳ ಸಣ್ಣ ದನಿಯಲ್ಲಿ. ಅದು ನಗುತ್ತಿರಲಿಲ್ಲ. ಸಡಿಲವಾಗಿದ್ದ ಒಂದು ಬೂಟು ಕಾಲಿನಿಂದ ಕಳಚಿ, ತಿರುಗುತ್ತಾ ತಿರುಗುತ್ತಾ, ಕೆಳಗೆ ಹೋಯಿತು. ಅದು ನೆಲ ಮುಟ್ಟಲು ಎಷ್ಟು ಹೊತ್ತು ಹಿಡಿಯಿತೆಂದು ಅಜ್ಜಿ ನೋಡಿದಳು. ನೋಡಬಾರದಿತ್ತು.

ಆಮೇಲೆ ಎಷ್ಟು ಸಲ ಮೇಲೇರಿತೋ ಅವಳಿಗೆ ತಿಳಿಯದು. ಹಡಗು ನಿಧಾನವಾಗಿ, ಅಳಿಯ ಕೈ ಇಳಿಸಿ ಪಕ್ಕಕ್ಕೆ ತಿರುಗಿದಾಗ, ಬಾಬಿನ್ ಅರ್ಧ ಸೀಟಿನ ಕೆಳಗಿದ್ದಳು, ಅತ್ತೆಯ ಕಾಲು ಅವಳ ಮೇಲಿತ್ತು. ಅವನ ಮುಖದ ನಗು ಹಾಗೇ ನಿಂತುಹೋಯಿತು.

ಕಂಬಿ ಮೇಲೆದ್ದಿತು. ಅಜ್ಜಿಯ ತೋಳು ಬಿಚ್ಚಲಿಲ್ಲ. ಮಗಳೇ ಬಂದು ಒಂದೊಂದೇ ಬೆರಳು ಬಿಡಿಸಿದಳು.

“ನನ್ನ ಬೂಟು,” ಅಂದಳು ಬಾಬಿನ್.

ಕೆಳಗಿಳಿದ ಮೇಲೆ ಅಳಿಯ ಗೇಟಿನ ಹೆಂಗಸಿನ ಮೇಲೆ ಹರಿಹಾಯ್ದ. ಅವನು ದನಿ ಏರಿಸಿದ್ದನ್ನು ಅಜ್ಜಿ ಅದುವರೆಗೆ ಕೇಳಿರಲಿಲ್ಲ. “ಏನ್ರೀ ಅಳೆದ್ರಿ ನೀವು? ಕಣ್ಣು ಎಲ್ಲಿಟ್ಟಿದ್ರಿ? ಅತ್ತೆ ಹಿಡ್ಕೊಳ್ದೆ ಇದ್ದಿದ್ರೆ ನನ್ನ ಮಗು ಇವತ್ತು...” ಹಣೆಯ ಬೆವರು ಒರೆಸಿಕೊಂಡ.

ಸೂಪರ್‌ವೈಸರ್ ಓಡಿಬಂದ. ಮಗುವಿನ ಇನ್ನೊಂದು ಬೂಟನ್ನೂ ಬಿಚ್ಚಿಸಿ ಬರಿಗಾಲಲ್ಲಿ ಕಂಬಕ್ಕೆ ನಿಲ್ಲಿಸಿದ. ಎರಡು ಬೆರಳು ಕಮ್ಮಿ. ಅವನು ಹೆಂಗಸಿನ ಕಡೆ ತಿರುಗಿದ.

“ಸರ್, ನಾನು ಸರಿಯಾಗೇ ಅಳೆದೆ. ಎರಡು ಸಲ ನೋಡ್ದೆ,” ಅಂದಳು ಅವಳು.

“ಕೊರಳಿನ ಕಾರ್ಡ್ ಬಿಚ್ಚಿ ಕೊಡಿ. ನಾಳೆಯಿಂದ ಬರೋದು ಬೇಡ.”

ಹಡಗು ನಡೆಸುವವನು ಕೆಳಗೆ ಬಿದ್ದಿದ್ದ ಬೂಟನ್ನು ತಂದು ಅಜ್ಜಿಯ ಕೈಗೇ ಕೊಟ್ಟ. ಪ್ಯಾಡು ಒಳಗೇ ಇತ್ತು, ಯಾರೂ ನೋಡಿರಲಿಲ್ಲ. ಬಿಚ್ಚಿಟ್ಟ ಇನ್ನೊಂದು ಬೂಟು ಅವಳ ಕಾಲ ಬಳಿ ಬಿದ್ದಿತ್ತು. ಎರಡನ್ನೂ ಎತ್ತಿ ಬ್ಯಾಗಿಗೆ ಹಾಕಿ ಜಿಪ್ ಎಳೆದರೆ ಮುಗಿಯಿತು. ನಾಲ್ಕರಿಂದ ಏಳು. ಬಾಯಿ ಬಿಟ್ಟರೆ ಆ ಮೂರು ಗಂಟೆ ಹೋಗುತ್ತದೆ. ಮಗುವನ್ನು ಹೀಗೆ ಸಾವಿನ ಬಾಯಿಗೆ ಒಯ್ದವಳ ಬಳಿ ಯಾವ ತಾಯಿ ಬಿಡುತ್ತಾಳೆ?

ಅವಳು ಬ್ಯಾಗಿನ ಬಾಯಿ ತೆರೆದಳು. ಆಗ ಬಾಬಿನ್ ಕಂಡಳು. ಬಿಳಿಚಿಕೊಂಡ ಮುಖ, ಪಕ್ಕ ಬಿಚ್ಚಿದ ಫ್ರಾಕು, ಅಪ್ಪನ ಕೂಗಾಟಕ್ಕೆ ಒದ್ದೆಯಾದ ಕಣ್ಣು. ಆ ಕಣ್ಣು ಅಜ್ಜಿಯನ್ನೇ ನೋಡುತ್ತಿತ್ತು. ಮಗು ಬಾಯಿಯ ಮೇಲೆ ಬೆರಳಿಟ್ಟುಕೊಂಡಿತ್ತು. ಯಾರಿಗೂ ಹೇಳಬೇಡ ಅಂದದ್ದನ್ನು ಅದು ಇನ್ನೂ ಕಾಯುತ್ತಿತ್ತು.

“ಅವರ ತಪ್ಪಲ್ಲ,” ಅಂದಳು ಅಜ್ಜಿ. ಬೂಟನ್ನು ಮುಂದೆ ಹಿಡಿದು ಮತ್ತೆ ಹೇಳಿದಳು. “ಅವರ ಅಳತೆ ಸರಿಯಾಗೇ ಇತ್ತು. ನಾನು ಬೂಟಲ್ಲಿ ಪ್ಯಾಡ್ ಹೊಲಿದಿಟ್ಟಿದ್ದೆ.”

ಬೂಟಿನೊಳಗೆ ಕೈ ಹಾಕಿ ಅದನ್ನು ಹೊರತೆಗೆದಳು. ಮಗಳು ಕೈ ಚಾಚಿ ತೆಗೆದುಕೊಂಡು, ತಿರುಗಿಸಿ, ಅಂಚಿನ ಹೊಲಿಗೆಯ ಮೇಲೆ ಹೆಬ್ಬೆರಳು ಆಡಿಸಿದಳು. ಹುಟ್ಟಿದಾಗಿನಿಂದ ಆ ಹೊಲಿಗೆಯನ್ನೇ ತೊಟ್ಟು ಬೆಳೆದವಳು ಅವಳು, ಬೇರೆ ಸಾಕ್ಷಿ ಬೇಕಿರಲಿಲ್ಲ. ಅಳಿಯ ಗೇಟಿನ ಹೆಂಗಸಿನ ಕಡೆ ನೋಡಿ, ತಲೆ ತಗ್ಗಿಸಿದ. ಸೂಪರ್‌ವೈಸರ್ ಕಾರ್ಡನ್ನು ಅವಳಿಗೆ ವಾಪಸ್ಸು ಕೊಟ್ಟ. ಅವಳು ಅದನ್ನು ಕೊರಳಿಗೆ ಹಾಕಿಕೊಳ್ಳುತ್ತಾ ಅಜ್ಜಿಯ ಮುಖವನ್ನು ಒಮ್ಮೆ ನೋಡಿದಳು.

“ಕಂಬಿ ಇಳಿದಾಗ ನಿನಗೆ ಗೊತ್ತಾಗ್ಲಿಲ್ವಾ ಅಮ್ಮ?” ಎಂದು ಕೇಳಿದಳು ಮಗಳು. ಕೂಗಲಿಲ್ಲ. ಕೂಗಿದ್ದರೆ ಚೆನ್ನಾಗಿತ್ತು. “ನಿನ್ನ ಕಣ್ಣಿಗೆ?”

ಇಲ್ಲ ಅನ್ನಬಹುದಿತ್ತು. ಎಲ್ಲರೂ ನಂಬುತ್ತಿದ್ದರು.

“ಗೊತ್ತಾಯ್ತು,” ಅಂದಳು ಅಜ್ಜಿ. “ಕೇಳಿದ್ರು ಕೂಡ, ಎಲ್ಲಾ ಸರಿನಾ ಅಂತ. ನಾನು ಹೇಳ್ಲಿಲ್ಲ.”

ಕಾರಿನವರೆಗೆ ಅಳಿಯ ಮಗುವನ್ನು ಹೆಗಲ ಮೇಲೆ ಹೊತ್ತಿದ್ದ. ಅಜ್ಜಿ ಬೂಟು ಹಿಡಿದು ಹಿಂದೆ ನಡೆದಳು. ಎಡಗೈ ಮೇಲೆತ್ತಲು ಬರುತ್ತಿರಲಿಲ್ಲ, ಅದನ್ನು ಹೇಳುವ ಮುಖವೂ ಅವಳಿಗಿರಲಿಲ್ಲ.

“ನಾಳೆ ನಾಲ್ಕು ಗಂಟೆಗೆ...” ಎಂದು ಶುರುಮಾಡಿದಳು.

“ನಾಳೆ ಬೇಡ,” ಅಂದಳು ಮಗಳು.

“ನಾಡಿದ್ದು?” ಎಂದು ಅಪ್ಪನ ಹೆಗಲಿನಿಂದ ಬಾಬಿನ್ ಕೇಳಿದಳು.

ಮಗಳು ಹಿಂದಿನ ಬಾಗಿಲು ತೆಗೆದು ಮಗುವನ್ನು ಕೂರಿಸಿದಳು. ಬೆಲ್ಟು ಹಾಕಿ, ಎಳೆದು ನೋಡಿ, ಮತ್ತೊಮ್ಮೆ ಎಳೆದು ನೋಡಿದಳು. ಆಮೇಲೆ, ಯಾವಾಗಲೂ ಅಜ್ಜಿ ಕೂರುತ್ತಿದ್ದ ಜಾಗದಲ್ಲಿ, ಮಗುವಿನ ಪಕ್ಕದಲ್ಲಿ, ತಾನೇ ಕೂತು ಬಾಗಿಲು ಹಾಕಿಕೊಂಡಳು.