ಬಿಸಿ ತಿಳಿಯದ ಬೆರಳು

ಸರ್ಕಾರದ ಆ ಕಚೇರಿಯಲ್ಲಿ ಅವಳನ್ನು ಎಲ್ಲರೂ ಪಟ್ಟಿ ಮೇಡಂ ಎಂದೇ ಕರೆಯುತ್ತಿದ್ದರು. ಹೆತ್ತವರು ಇಟ್ಟ ಹೆಸರು ಸಂಬಳದ ಚೀಟಿಯಲ್ಲಿ ಮಾತ್ರ ಉಳಿದಿತ್ತು. ಓದಿದ್ದು ವಿಜ್ಞಾನ, ಆದರೆ ಹತ್ತೊಂಬತ್ತು ವರ್ಷದಿಂದ ಅವಳದು ಒಂದೇ ಕೆಲಸ. ಇಂಥ ರಾಸಾಯನಿಕ ನಮ್ಮ ಮೈಗೆ ಕೇಡು ಮಾಡುತ್ತಿದೆಯೋ ಏನೋ, ಸ್ವಲ್ಪ ಪರೀಕ್ಷಿಸಿ ನೋಡಿ ಎಂದು ಜನ ಬರೆದ ಅರ್ಜಿಗಳನ್ನೆಲ್ಲ ಓದುವುದು, ಪಟ್ಟಿ ಮಾಡುವುದು, ಮೂರು ವರ್ಷಕ್ಕೊಮ್ಮೆ ಸೇರುವ ಸಮಿತಿಯ ಮುಂದಿಡುವುದು. ಈ ಸಲ ಬಂದದ್ದು ಇನ್ನೂರ ಹದಿನಾಲ್ಕು ಅರ್ಜಿ. ಆರಿಸಬೇಕಾದದ್ದು ಆರು. ಅದೇನು ಆರು ಎಂದು ಕೇಳಿದರೆ, ಕಚೇರಿಯ ಹಿಂಬದಿಯ ಕಟ್ಟಡದಲ್ಲಿ ಇಲಿ ಸಾಕುವ ಕೋಣೆ ಇರುವುದೇ ಆರು. ನಗಬೇಡಿ. ದೇಶದ ಆರೋಗ್ಯ ಎಷ್ಟೋ ಸಲ ಇಲಿಯ ಮನೆಯ ಬಾಗಿಲು ಎಣಿಸಿಯೇ ತೀರ್ಮಾನವಾಗುತ್ತದೆ.

ಉಳಿದ ಇನ್ನೂರೆಂಟು ಮಂದಿಗೆ ‘ಸದ್ಯಕ್ಕೆ ಸಾಧ್ಯವಿಲ್ಲ’ ಎಂದು ಉತ್ತರ ಬರೆಯುವವಳೂ ಅವಳೇ. ಮೊದಮೊದಲು ಒಂದೊಂದು ಉತ್ತರ ಬರೆಯುವಾಗಲೂ ಮನಸ್ಸು ನೋಯುತ್ತಿತ್ತು. ಈಗ ಸಹಿ ಹಾಕುವ ಹೆಬ್ಬೆರಳು ಮಾತ್ರ ನೋಯುತ್ತದೆ.

ಈ ಸಲ ಅವಳ ಮನಸ್ಸಿಗೆ ಹತ್ತಿದ್ದು ನಲವತ್ತೇಳನೇ ಕಡತ. ದೂರದ ಯಾವುದೋ ಊರಿನ ಮುದ್ರಣಾಲಯದಿಂದ ಹನ್ನೊಂದು ಕೆಲಸಗಾರರು ಸೇರಿ ಬರೆದ ಒಂದು ಪುಟದ ಕಾಗದ. ಮುದ್ರಣ ಯಂತ್ರದ ರೋಲರಿನ ಶಾಯಿ ಒರೆಸಲು ಒಂದು ದ್ರವವಿದೆ. ಬಣ್ಣವಿಲ್ಲ, ವಾಸನೆಯಿಲ್ಲ, ಬಟ್ಟೆಗೆ ಸುರಿದರೆ ನೋಡನೋಡುತ್ತಲೇ ಆರಿ ಮಾಯವಾಗುತ್ತದೆ. ಅದಕ್ಕೇ ಕೆಲಸಗಾರರು ಅದನ್ನು ಕಳ್ಳನೀರು ಎನ್ನುತ್ತಾರಂತೆ. ‘ವರ್ಷಗಟ್ಟಲೆ ಒರೆಸಿದವರ ಬೆರಳಿಗೆ ಬಿಸಿ ತಿಳಿಯುವುದಿಲ್ಲ, ಅಂಗಿಯ ಗುಂಡಿ ಹಾಕಲು ಬರುವುದಿಲ್ಲ’ ಎಂದು ಬರೆದಿದ್ದರು. ದ್ರವ ಮಾಡುವ ಕಾರ್ಖಾನೆಯ ಹಾಳೆಯಲ್ಲಿ ‘ಹಾನಿಯ ದಾಖಲೆ ಇಲ್ಲ’ ಎಂದಿತ್ತು. ಸುಳ್ಳೇನಲ್ಲ, ಯಾರೂ ದಾಖಲೆ ಮಾಡಿರಲಿಲ್ಲ ಅಷ್ಟೆ. ವೈದ್ಯರು ಕಂಡು ಬರೆದ ಪುರಾವೆ ಇದ್ದರೆ ಪರೀಕ್ಷೆ ಎನ್ನುವುದು ಸಮಿತಿಯ ವಾಡಿಕೆ. ಪರೀಕ್ಷೆಯಾಗಿದ್ದರೆ ತಾನೇ ವೈದ್ಯರು ನಂಬುವುದು? ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು. ಅಂಗೈ ಹುಣ್ಣಿಗೆ ಕನ್ನಡಿ ಬೇಕೆ ಎಂದು ಗಾದೆ ಮಾಡಿದವನು ಸರ್ಕಾರಿ ಕಚೇರಿಯ ಮೆಟ್ಟಿಲು ಹತ್ತಿದವನಲ್ಲ. ಬೇಕು ಸ್ವಾಮಿ, ಕನ್ನಡಿ ಬೇಕು, ಅದಕ್ಕೆ ಮೂರು ಪ್ರತಿಯೂ ಬೇಕು.

ಎಂಟು ತಿಂಗಳು ಕೂತು, ಆ ಪುರಾವೆಯ ಬದಲಿಗೆಂದು, ಅವಳು ಆ ಕಡತಕ್ಕೆ ಒಂಬತ್ತು ಪುಟದ ಟಿಪ್ಪಣಿ ಬರೆದಳು. ಸಮಿತಿಯಲ್ಲಿ ಇದ್ದವರು ಅವಳೂ ಸೇರಿ ಏಳು ಜನ. ಒಂದು ಕಡತ ಗೆಲ್ಲಲು ನಾಲ್ಕು ಕೈ ಏಳಬೇಕು. ನಲವತ್ತು ವರ್ಷದಿಂದ ಇಲಿಗಳ ಯಕೃತ್ತು ಕೊಯ್ದು ನೋಡುತ್ತ ಬಂದಿದ್ದ ಮುದುಕರೊಬ್ಬರಿದ್ದರು. ಅವರಿಗೆ ಕಚೇರಿಯಲ್ಲಿ ಇಲಿ ತಾತ ಎಂದೇ ಹೆಸರು. ಅವರು ಒಪ್ಪಿದ್ದರು, ಇನ್ನಿಬ್ಬರು ತಲೆಯಾಡಿಸಿದ್ದರು. ನಾಲ್ಕನೆಯ ಕೈ ಅವಳದೇ.

ಆ ಸಮಿತಿಗೊಂದು ನಿಯಮವಿತ್ತು, ಅದನ್ನೂ ಬರೆದವಳು ಅವಳೇ. ಹನ್ನೆರಡು ವರ್ಷದ ಹಿಂದೆ, ಏಳು ವರ್ಷ ಬೆವರು ಸುರಿಸಿ ಮುಗಿಸಿದ ಒಂದು ಪರೀಕ್ಷೆಯನ್ನು ನ್ಯಾಯಾಲಯ ಒಂದೇ ಮಧ್ಯಾಹ್ನದಲ್ಲಿ ಕಸದ ಬುಟ್ಟಿಗೆ ಹಾಕಿತ್ತು. ಆರಿಸಿದ ಸಮಿತಿಯಲ್ಲಿದ್ದವರೊಬ್ಬರ ಭಾವ ಅದೇ ವಸ್ತುವಿನ ನಡುವೆ ಕೆಲಸ ಮಾಡುತ್ತಿದ್ದನೆಂದು ಕಾರ್ಖಾನೆಯ ವಕೀಲ ತೋರಿಸಿದ್ದ. ಅವನು ಬೇರೇನೂ ಕೇಳಬೇಕಾಗಲಿಲ್ಲ. ಅಂದು ಅವಳು ಶೌಚಾಲಯದಲ್ಲಿ ನಿಂತು ಅತ್ತು, ಮುಖ ತೊಳೆದು ಬಂದು ನಿಯಮ ಬರೆದಿದ್ದಳು. ಯಾರ ಮನೆಯವರು ಆ ವಸ್ತುವನ್ನು ಮುಟ್ಟುತ್ತಾರೋ ಅವರು ಎದ್ದು ಹೊರಗೆ ಹೋಗಬೇಕು. ಅವರು ಬರೆದ ಹಾಳೆಗಳನ್ನೂ ಕಡತದಿಂದ ಕಿತ್ತಿಡಬೇಕು. ಈ ಕಥೆಯನ್ನು ಊಟಕ್ಕೆ ಕೂತಾಗ ಅಕ್ಕನಿಗೆ ಎಷ್ಟು ಸಲ ಹೇಳಿದ್ದಳೋ ಲೆಕ್ಕವಿಲ್ಲ.

ಅಕ್ಕ ಅವಳಿಗಿಂತ ಒಂಬತ್ತು ವರ್ಷ ದೊಡ್ಡವಳು. ತಾಯಿ ತೀರಿಕೊಂಡ ಮೇಲೆ ತಂಗಿಯನ್ನು ಎತ್ತಿ ಆಡಿಸಿ, ಓದಿಸಿ, ಆಮೇಲೆ ತಾನು ಮದುವೆಯಾಗಿ, ಗಂಡನನ್ನು ಕಳೆದುಕೊಂಡು, ಈಗ ತಂಗಿಯ ಜೊತೆಗೇ ಎರಡು ಕೋಣೆಯ ಮನೆಯಲ್ಲಿದ್ದಳು. ಅವಳೂ ಒಂದು ಮುದ್ರಣಾಲಯದಲ್ಲಿ ರೋಲರ್ ಒರೆಸುವವಳೇ. ನಲವತ್ತೇಳನೇ ಕಡತ ಬಂದ ದಿನ ಪಟ್ಟಿ ಮೇಡಂ ಕೇಳಿಯೂ ಇದ್ದಳು, ನಿಮ್ಮ ಪ್ರೆಸ್ಸಿನಲ್ಲಿ ಯಾವುದರಿಂದ ಒರೆಸುತ್ತೀರಿ ಎಂದು. ಅಕ್ಕ ತಟ್ಟೆಯಿಂದ ತಲೆ ಎತ್ತದೆ, ಸೀಮೆಎಣ್ಣೆ, ಇನ್ನೇನು ಅತ್ತರು ಹಚ್ಚಿ ಒರೆಸುತ್ತಾರಾ ಎಂದಿದ್ದಳು. ಇಬ್ಬರೂ ನಕ್ಕಿದ್ದರು. ಮಾರನೆಯ ದಿನ ಘೋಷಣೆಯ ನಮೂನೆಯಲ್ಲಿ ‘ಸಂಬಂಧ: ಇಲ್ಲ’ ಎಂದು ತುಂಬಿಸಿದ್ದಳು. ಮೂರು ಸಾಕ್ಷಿಯಿಲ್ಲದೆ ಒಂದು ಇಲಿ ಸತ್ತದ್ದನ್ನೂ ನಂಬದ ವಿಜ್ಞಾನಿ, ಅಕ್ಕನ ಒಂದು ಮಾತನ್ನು ಹಾಗೇ ನಂಬಿದಳು.

ಸಭೆಯ ದಿನ ಬೆಳಗ್ಗೆ ಅಕ್ಕ ಒಲೆಯ ಮುಂದೆ ನಿಂತಿದ್ದಳು. ಮೇಲಿನ ಮನೆಯವರ ನಲ್ಲಿ ಇಡೀ ದಿನ ಸೋರುತ್ತದೆ, ಹೇಳಿದರೆ ಮೂಗು ಮುರಿಯುತ್ತಾರೆ ಎಂದು ಬೈಯುತ್ತ, ಉಕ್ಕಿ ಬಂದ ಹಾಲಿನ ಪಾತ್ರೆಯ ಅಂಚನ್ನು ಬರಿಗೈಯಲ್ಲಿ ಹಿಡಿದೆತ್ತಿದಳು. ಇಕ್ಕಳವಿಲ್ಲ, ಬಟ್ಟೆಯಿಲ್ಲ. ನಿಧಾನವಾಗಿ ಎರಡು ಲೋಟಕ್ಕೆ ಬಗ್ಗಿಸಿ, ಮಾತು ನಿಲ್ಲಿಸದೆ ಪಾತ್ರೆ ಕೆಳಗಿಟ್ಟಳು. ಸುಟ್ಟ ಚರ್ಮದ ವಾಸನೆ ಬಂತು.

“ಅಕ್ಕಾ, ಕೈ.”

ಅಕ್ಕ ತನ್ನ ಬೆರಳುಗಳನ್ನು ಯಾರದೋ ಎಂಬಂತೆ ನೋಡಿದಳು. ತಟ್ಟನೆ ಬೆನ್ನ ಹಿಂದೆ ಇಟ್ಟುಕೊಂಡಳು. ಅಷ್ಟೇ ಸಾಕಾಯಿತು. ಎಂಟು ತಿಂಗಳಿಂದ ಕಣ್ಣೆದುರೇ ನಡೆದದ್ದೆಲ್ಲ ಒಂದರ ಹಿಂದೊಂದು ನೆನಪಾಯಿತು: ಕಣ್ಣು ಮಂದ ಎಂದು ಸೂಜಿಗೆ ದಾರ ಪೋಣಿಸಿಕೊಡಲು ಹೇಳುತ್ತಿದ್ದುದು, ಸೋಪು ಜಾರಿತೆಂದು ಒಡೆದ ಲೋಟಗಳು, ಗುಂಡಿಯಿರುವ ಬಟ್ಟೆಗಳನ್ನೆಲ್ಲ ಒಂದೊಂದಾಗಿ ಯಾರಿಗೋ ಕೊಟ್ಟುಬಿಟ್ಟದ್ದು. ದೀಪದ ಬುಡದಲ್ಲಿ ಕತ್ತಲೆ ಎಂದರೆ ಇದೇ.

“ಸೀಮೆಎಣ್ಣೆ ಅಂದಿದ್ದೆ ನೀನು.”

“ಅಂದಿದ್ದೆ. ಕಳ್ಳನೀರೇ ಅಂದಿದ್ರೆ ನೀನು ಎದ್ದು ಹೊರಗೆ ಹೋಗ್ಬೇಕಾಗಿತ್ತಲ್ಲ. ನೀನು ಹೊರಗೆ ಹೋದ್ರೆ ಒಳಗೆ ನಮ್ಮೋರು ಅಂತ ಯಾರಿದಾರೆ ಹೇಳು?”

ಡಾಕ್ಟರಿಗೆ ಯಾಕೆ ತೋರಿಸಲಿಲ್ಲ ಎಂದು ಕೇಳಿದರೆ ಅದಕ್ಕೂ ಉತ್ತರ ಸಿದ್ಧವಾಗಿತ್ತು. ಡಾಕ್ಟರು ಏನು ಕೆಲಸ ಎಂದು ಕೇಳುತ್ತಾರೆ, ಬರೆದುಕೊಳ್ಳುತ್ತಾರೆ, ಬರೆದದ್ದು ಒಂದಲ್ಲ ಒಂದು ದಿನ ವಕೀಲನ ಕೈಗೆ ಸಿಗುತ್ತದೆ. ನೀನೇ ಹೇಳಿದ ಕಥೆ ತಾನೇ ಎಂದಳು ಅಕ್ಕ. ಪ್ರೆಸ್ಸಿನಲ್ಲಿ ಅವಳ ಜೊತೆ ಇನ್ನೂ ಎಂಟು ಹೆಂಗಸರಿದ್ದರು, ಎಲ್ಲರಿಗಿಂತ ಚಿಕ್ಕವಳಿಗೆ ಇಪ್ಪತ್ತೆರಡು. ನನ್ನ ಕೈ ಹೋದದ್ದು ಹೋಯಿತು, ಆ ಹುಡುಗಿಯದು ಇನ್ನೂ ನೆಟ್ಟಗಿದೆ ಎಂದಳು.

“ಪರೀಕ್ಷೆ ಮುಗಿಯೋಕೆ ಐದು ವರ್ಷ ಬೇಕಕ್ಕಾ. ಅಲ್ಲೀವರೆಗೂ?”

“ಅಲ್ಲೀವರೆಗೂ ಮುಚ್ಕೊಂಡಿರ್ತೀನಿ. ಮರಿ, ನೀನು ಇವತ್ತು ಏನೂ ನೋಡಿಲ್ಲ. ಹಾಲು ಕುಡಿದು ಹೊರಡು.”

ಸಭೆಯ ಕೋಣೆಯಲ್ಲಿ ಉದ್ದನೆಯ ಮೇಜು, ಅದಕ್ಕೆ ಅಂಚು ಕಿತ್ತುಹೋದ ಹೊದಿಕೆ, ಹತ್ತು ನಿಮಿಷ ಮುಂದೆ ಓಡುವ ಗಡಿಯಾರ. ಪ್ರತಿ ಕಡತಕ್ಕೂ ಮೊದಲು ಅಧ್ಯಕ್ಷರು, ಇದರಲ್ಲಿ ಯಾರಿಗಾದರೂ ಸಂಬಂಧವುಂಟೇ ಎಂದು ಕೇಳುತ್ತಿದ್ದರು. ಉತ್ತರ ಬರುತ್ತದೆಂದು ಕೇಳುವ ಧಾಟಿಯಲ್ಲ ಅದು. ಆಕಳಿಕೆಯ ಜೊತೆಗೇ ಬರುವ ಪ್ರಶ್ನೆ. ಒಂದು, ಎರಡು, ಹತ್ತು, ಮೂವತ್ತು. ಬಣ್ಣ ಬಂತು, ಅಂಟು ಬಂತು, ಆಟಿಕೆಯನ್ನು ಮೆತ್ತಗೆ ಮಾಡುವ ಪುಡಿ ಬಂತು. ಇಲಿ ತಾತ ಕಣ್ಣು ಮುಚ್ಚಿಕೊಂಡೇ ಬೇಕಾದಲ್ಲಿ ಕೈ ಎತ್ತುತ್ತಿದ್ದರು.

ನಲವತ್ತೇಳು ಬಂತು. ಯಾರಿಗಾದರೂ ಸಂಬಂಧವುಂಟೇ ಎಂದರು ಅಧ್ಯಕ್ಷರು, ಆಗಲೇ ಹಾಳೆ ತಿರುವುತ್ತ.

ಅವಳು ಕೈ ಎತ್ತಿದಳು.

ನ್ಯಾಯ, ನೀತಿ, ನಿಷ್ಠೆ ಎಂದು ಎತ್ತಿದಳೆಂದು ಯಾರಾದರೂ ಹೇಳಿದರೆ ನಂಬಬೇಡಿ. ಸುಮ್ಮನಿದ್ದರೆ ಕಡತ ಗೆಲ್ಲುತ್ತಿತ್ತು. ಆದರೆ ಗೆದ್ದ ಗಳಿಗೆಯಿಂದ ಐದು ವರ್ಷ ಅಕ್ಕ ಯಾವ ಡಾಕ್ಟರ ಹತ್ತಿರವೂ ಸುಳಿಯುವಂತಿರಲಿಲ್ಲ. ಬೆರಳು ಸುಟ್ಟುಕೊಂಡರೂ ಬೆನ್ನ ಹಿಂದೆ, ಕೈ ಪೂರ್ತಿ ಸತ್ತರೂ ಬೆನ್ನ ಹಿಂದೆ. ತಾನೆದ್ದರೆ ಎಲ್ಲೋ ಹನ್ನೊಂದು ಜನ, ಇಲ್ಲೇ ಎಂಟು ಜನ ಇನ್ನೂ ಮೂರು ವರ್ಷ ಕಾಯಬೇಕು. ಎರಡನ್ನೂ ಅವಳು ಬಸ್ಸಿನಲ್ಲಿ ತೂಗಿದ್ದಳು, ಮೆಟ್ಟಿಲ ಮೇಲೆ ತೂಗಿದ್ದಳು, ಇನ್ನೂರ ಹದಿನಾಲ್ಕು ಕಡತ ತೂಗಿದವಳಿಗೆ ಇದೊಂದು ತೂಗಲು ಬರಲಿಲ್ಲ. ಕೊನೆಗೆ ಆ ಸುಟ್ಟ ವಾಸನೆ ತಡೆಯಲಾರದೆ ಎತ್ತಿದಳು. ನ್ಯಾಯಾಲಯದ ಹೆದರಿಕೆಯೂ ಇತ್ತು, ಸುಳ್ಳಲ್ಲ. ಸುಸ್ತೂ ಇತ್ತು.

ಅಧ್ಯಕ್ಷರು ಕನ್ನಡಕದ ಮೇಲಿಂದ ನೋಡಿದರು. ಯಾರು ಎಂದು ಕೇಳಿದರು. ಅಕ್ಕ ಎಂದಳು. ಅವರು ಪಿನ್ನು ಬಿಡಿಸಿ ಒಂಬತ್ತು ಪುಟ ತೆಗೆದು ಪಕ್ಕಕ್ಕಿಟ್ಟರು. ಕಡತದಲ್ಲಿ ಆ ಹನ್ನೊಂದು ಜನರ ಒಂದು ಪುಟ ಮಾತ್ರ ಉಳಿಯಿತು.

ಹೊರಗಿನ ಪಡಸಾಲೆಯಲ್ಲಿ, ಕಚೇರಿಗೆ ಬಂದವರು ಕಾಯುವ ಬೆಂಚಿನ ಮೇಲೆ ಅವಳು ಹತ್ತೊಂಬತ್ತು ವರ್ಷದಲ್ಲಿ ಮೊದಲ ಸಲ ಕೂತಳು. ಒಂದು ಕಾಲು ಗಿಡ್ಡವಾಗಿದ್ದ ಬೆಂಚು ಅಲುಗಾಡುತ್ತಿತ್ತು. ಇಷ್ಟು ವರ್ಷ ಇದರ ಮೇಲೆ ಕೂತವರು ಯಾರೂ ದೂರಲಿಲ್ಲವಲ್ಲ ಎನಿಸಿತು. ಎಂಟು ತಿಂಗಳ ಕೆಲಸಕ್ಕೆ ಒಳಗೆ ಹತ್ತು ನಿಮಿಷವೂ ಹಿಡಿಯಲಿಲ್ಲ. ಬಾಗಿಲು ತೆರೆದು ಇಲಿ ತಾತ ಹೊರಗೆ ಬಂದರು. ಅವಳ ಕಡೆ ನೋಡದೆ ಶೌಚಾಲಯದತ್ತ ಹೋಗುತ್ತ, ತೊಡೆಯ ಪಕ್ಕದಲ್ಲಿ ಮೂರು ಬೆರಳು ತೋರಿಸಿದರು. ಮೂರೇ ಕೈ.

ಸಂಜೆ ಮನೆಗೆ ಬಂದಾಗ ಅಕ್ಕ ಬಾಗಿಲಲ್ಲೇ ಇದ್ದಳು. ಏನೂ ಹೇಳಬೇಕಾಗಲಿಲ್ಲ, ಈ ಮುಖವನ್ನು ಅವಳು ತೊಟ್ಟಿಲಿನಿಂದ ನೋಡಿದವಳು.

“ಎದ್ದು ಹೋದ್ಯಾ?”

“ಹೋದೆ.”

ಅಕ್ಕ ಕುರ್ಚಿಯ ಮೇಲೆ ಕುಸಿದಳು. “ಊರಿಗೆ ಉಪಕಾರಿ, ಮನೆಗೆ ಮಾರಿ ಅಂತಾರೆ,” ಎಂದಳು. “ನೀನು ಎರಡಕ್ಕೂ ಮಾರಿ ಆದ್ಯಲ್ಲೇ. ಎಂಟು ತಿಂಗಳು ಕಣೇ. ಎಂಟು ತಿಂಗಳು ಮುಚ್ಚಿಟ್ಟಿದ್ದೆ.”

ತಂಗಿ ಬಾಗಿಲಿಗೆ ಒರಗಿ ಅತ್ತಳು. ದೊಡ್ಡ ಅಳುವೇನಲ್ಲ, ದಣಿದವರ ಅಳು, ಚಪ್ಪಲಿಯನ್ನೂ ಬಿಚ್ಚದೆ. ಆಮೇಲೆ ಹೇಳಿದಳು: ಇನ್ನು ಮುಚ್ಚಿಡಲು ಏನೂ ಉಳಿದಿಲ್ಲ, ಡಾಕ್ಟರ ಹತ್ತಿರ ಹೋಗೋಣ. ಆ ಕಡತದ ಕೆಲಸ ಇನ್ನು ನನ್ನದಲ್ಲ, ಮೂರು ವರ್ಷದ ಮೇಲೆ ಅದು ಬಂದಾಗಲೂ ನಾನು ಆ ಬೆಂಚಿನ ಮೇಲೇ ಕೂತಿರುತ್ತೇನೆ. ಆದರೆ ಅದರಲ್ಲಿ ‘ವೈದ್ಯರು ಕಂಡು ಬರೆದ ಪುರಾವೆ’ ಎಂಬ ಜಾಗ ಖಾಲಿಯಿದೆ. ಅಲ್ಲಿಗೆ ಒಂದು ಕಾಗದ ಬಿದ್ದರೆ ನಾಲ್ಕನೆಯ ಕೈ ತಾನಾಗಿ ಏಳುತ್ತದೆ. ಅಕ್ಕ ಎದ್ದು ಮುಖ ತೊಳೆದುಕೊಂಡು ಬಂದಳು.

ಆಸ್ಪತ್ರೆಯ ಚೀಟಿ ಕೊಡುವ ಕಿಂಡಿಯಲ್ಲಿ ಸಹಿ ಹಾಕಬೇಕಿತ್ತು. ಅಕ್ಕನ ಕೈಯಿಂದ ಪೆನ್ನು ಎರಡು ಸಲ ಜಾರಿ ಬಿತ್ತು. ಕಿಂಡಿಯ ಹೆಂಗಸು ಹೆಬ್ಬೆಟ್ಟಾದರೂ ಒತ್ತಿ ಎಂದು ಶಾಯಿಯ ಪೆಟ್ಟಿಗೆ ಮುಂದೆ ತಳ್ಳಿದಳು. ಮೂವತ್ತು ವರ್ಷ ಶಾಯಿ ಒರೆಸಿದ್ದಾಯ್ತು, ಈಗ ಹಚ್ಚಿಕೊಳ್ಳುವ ಕಾಲ ಎಂದು ಅಕ್ಕ ಒತ್ತಿದಳು. ಕಾಗದದ ಮೇಲೆ ಮೂಡಿದ್ದು ಬರೀ ಕಪ್ಪು ಮಚ್ಚೆ. ಒಂದು ಗೆರೆಯೂ ಇಲ್ಲ. ಕಿಂಡಿಯವಳು ಇನ್ನೊಮ್ಮೆ ಒತ್ತಿಸಿದಳು, ಮತ್ತೊಮ್ಮೆ ಒತ್ತಿಸಿದಳು. ಮೂರೂ ಬೋಳು. ಆ ಹೆಂಗಸು ಚೀಟಿ ಹಿಡಿದು ತಾನೇ ಒಳಗೆ ಹೋಗಿ ಡಾಕ್ಟರಿಗೆ ತೋರಿಸಿದಳು.

ಡಾಕ್ಟರು ವಯಸ್ಸಾದವರು, ದಿನವಿಡೀ ಕೂತು ಸೋತ ಮುಖ. ಅಕ್ಕನ ಕೈಯನ್ನು ದೀಪದ ಕೆಳಗೆ ಹಿಡಿದು, ಸೂಜಿಯ ತುದಿಯಿಂದ ಒಂದೊಂದೇ ಬೆರಳು ಮುಟ್ಟಿದರು. ಕಣ್ಣು ಮುಚ್ಚಿಕೊಂಡಿದ್ದ ಅಕ್ಕ ಯಾವುದಕ್ಕೂ ಹ್ಞೂಂ ಎನ್ನಲಿಲ್ಲ. ಅವರು ಹೊಸ ಹಾಳೆ ತೆಗೆದುಕೊಂಡು, ಏನು ಕೆಲಸ, ಎಷ್ಟು ದಿನದಿಂದ ಹೀಗೆ ಎಂದು ಕೇಳಿದರು. ಅಕ್ಕನ ಬದಲು ಉತ್ತರ ಹೇಳಲು ತಂಗಿ ಬಾಯಿ ತೆರೆದಳು.

“ಮರಿ, ನೀನು ಹೊರಗೆ ಹೋಗು,” ಎಂದಳು ಅಕ್ಕ.

“ಅಕ್ಕಾ...”

“ಹೋಗು ಅಂದೆ. ಇವರು ಬರ್ಕೊಳ್ಳೋವಾಗ ನೀನು ಒಳಗಿದ್ದೆ ಅಂತ ನಾಳೆ ಯಾರೂ ಅನ್ನಬಾರ್ದು.”

ಅವಳು ಎದ್ದು ಹೊರಗೆ ಬಂದು ಬಾಗಿಲು ಎಳೆದುಕೊಂಡಳು. ಪಡಸಾಲೆಯಲ್ಲಿ ಅಲ್ಲೂ ಒಂದು ಬೆಂಚಿತ್ತು. ಕೂತಳು. ಬಾಗಿಲಾಚೆ ಅಕ್ಕ ಗಟ್ಟಿಯಾಗಿ, ಕಿವಿ ಮಂದವಾದವರಿಗೆ ಹೇಳುವ ಹಾಗೆ ಬಿಡಿಸಿ ಬಿಡಿಸಿ ಹೇಳುತ್ತಿದ್ದಳು: ಮೊದಲು ಪ್ರೆಸ್ಸಿನ ವಿಳಾಸ, ಆಮೇಲೆ ಕಳ್ಳನೀರಿನ ಡಬ್ಬಿಯ ಮೇಲೆ ಅಚ್ಚಾಗಿದ್ದ ಉದ್ದನೆಯ ಹೆಸರು, ಒಂದಕ್ಷರ ತಪ್ಪದೆ. ಆಮೇಲೆ ತನ್ನ ಜೊತೆಯ ಎಂಟು ಜನರ ಹೆಸರು ಹೇಳತೊಡಗಿದಳು, ಎಲ್ಲರಿಗಿಂತ ಚಿಕ್ಕವಳಿಂದ ಶುರು ಮಾಡಿ.